ಹಳೇ ಮಹೀಂದ್ರ ಪಿಕಪ್‌ಗೆ ಪವರ್ ಸ್ಟೇರಿಂಗ್: ಕಲಬುರಗಿಯಲ್ಲಿ ಆಗುವ ಕೆಲಸ ಹೇಗಿದೆ?

ನೆಹರು ಗಂಜಿನ ಸಂದಿಯಲ್ಲಿ ತೊಗರಿ ಚೀಲ ಹೇರಿಕೊಂಡ ಹಳೇ ಜೀಪ್ ಪಿಕಪ್ಪನ್ನು ರಿವರ್ಸ್ ತೆಗೆದು ದಾಲ್ ಮಿಲ್ಲಿನ ಕಟ್ಟೆಗೆ ಹಚ್ಚುವುದೆಂದರೆ ಪೂರಾ ತೋಳಿನ ಕೆಲಸ. ಮುಂದಿನ ಆಕ್ಸಲ್ ಮೇಲೆ ಎರಕದ ಡೀಸೆಲ್ ಎಂಜಿನ್ ಕೂತಿರುತ್ತದೆ, ಟೈರು ಅಗಲದ್ದು ಹಾಕಿರುತ್ತಾರೆ, ಸ್ಟೇರಿಂಗ್ ಈ ತುದಿಯಿಂದ ಆ ತುದಿಗೆ ಐದು ಸುತ್ತು. ಹಾಗಾಗಿ ಎಂಡಿಐ ಎಂಜಿನ್ನಿನ ಹಳೇ ಮಹೀಂದ್ರ ಪಿಕಪ್ ಇಟ್ಟುಕೊಂಡವರು ಪವರ್ ಸ್ಟೇರಿಂಗ್ ಕೂಡಿಸಿಕೊಳ್ಳಲು ಮುಂದಾಗುವುದು ಸಹಜ. ಇಲ್ಲಿ ನೋಡುತ್ತಿರುವುದು ಹೈಡ್ರಾಲಿಕ್ ಸೆಟ್ ಮತ್ತು ಅದನ್ನು ಗಾಡಿಗೆ ಕೂಡಿಸುವ ಕೆಲಸ, ಎರಡನ್ನೂ.

ಮೊದಲೇ ಹೇಳಿಬಿಡುತ್ತೇವೆ. ಬಾಕ್ಸ್ (ಸ್ಟೇರಿಂಗ್ ತಿರುವನ್ನು ಗಾಲಿಗೆ ದಾಟಿಸುವ ಗೇರಿನ ಪೆಟ್ಟಿಗೆ) ಮತ್ತು ಪಂಪ್ ಬಗ್ಗೆ ದೂರುವಂಥದ್ದು ಕಡಿಮೆ. ಕೆಲಸ ಕೆಡುವುದು ಊರಲ್ಲೇ ತಯಾರಾಗುವ ಮೂರು ಭಾಗಗಳಲ್ಲಿ: ಚೇಸಿಗೆ ಹಚ್ಚುವ ಪ್ಲೇಟು, ಪಂಪಿನ ಬ್ರ್ಯಾಕೆಟ್, ಸ್ಟೇರಿಂಗ್ ಚಕ್ರ ಹೊತ್ತ ಕಾಲಮ್ಮಿಗೂ ಬಾಕ್ಸಿಗೂ ನಡುವಿನ ಶಾಫ್ಟು. ಗ್ಯಾರೇಜನ್ನು ಅಳೆಯಬೇಕಾದದ್ದು ಈ ಮೂರರಲ್ಲೇ.

ಆದರೆ ಅಡ್ವಾನ್ಸ್ ಕೊಡುವ ಮುಂಚೆ ಒಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ಮುಂದಿನ ಆಕ್ಸಲ್‌ಗೆ ಜಾಕ್ ಕೊಟ್ಟು ಎರಡೂ ಗಾಲಿ ನೆಲ ಬಿಡುವಂತೆ ಎತ್ತಿ, ಸ್ಟ್ಯಾಂಡ್ ಮೇಲೆ ಇಳಿಸಿ, ಸ್ಟೇರಿಂಗ್ ತಿರುಗಿಸಿ ನೋಡಿ. ಗಾಲಿ ಗಾಳಿಯಲ್ಲಿದ್ದಾಗಲೂ ಜಡ ಇದ್ದರೆ ರೋಗ ಬೇರೆಯೇ ಇದೆ: ಗಾಲಿ ಎಡಬಲ ತಿರುಗುವ ಕೀಲಾದ ಕಿಂಗ್ ಪಿನ್ನಿನ ಬೇರಿಂಗ್ ಒಣಗಿದೆ, ಇಲ್ಲವೇ ಹಳೇ ಬಾಕ್ಸಿನಲ್ಲಿ ಎಣ್ಣೆ ಇಲ್ಲ, ಇಲ್ಲವೇ ಟೈ ರಾಡ್ ಎಂಡ್ ಹಿಡಿದುಕೊಂಡಿದೆ. ಬಾಕ್ಸಿನಿಂದ ಹೊರಬರುವ ತೋಳಾದ ಡ್ರಾಪ್ ಆರ್ಮಿನಿಂದ ಗಾಲಿಯ ಕಡೆಗೆ ಹೋಗುವ ಲಿಂಕ್ ಬಿಚ್ಚಿ ಗಾಲಿಯನ್ನೇ ಕೈಯಿಂದ ತಿರುಗಿಸಿದರೆ ದೋಷ ಬಾಕ್ಸಿನದೋ ಕಿಂಗ್ ಪಿನ್ನಿನದೋ ಗೊತ್ತಾಗುತ್ತದೆ. ಇದನ್ನು ಸರಿಮಾಡದೆ ಪವರ್ ಹಾಕಿದರೆ ಸವೆತ ಮುಚ್ಚಿಹೋಗುತ್ತದೆ, ಹೋಗುವುದಿಲ್ಲ. ಹೈಡ್ರಾಲಿಕ್ ಬಲಕ್ಕೆ ಒಣಗಿದ ಕಿಂಗ್ ಪಿನ್ನೂ ತಿರುಗುತ್ತದೆ, ಮುರಿಯುವ ದಿನದವರೆಗೂ. ಈ ಪರೀಕ್ಷೆ ಮಾಡದೆಯೇ ರೇಟ್ ಹೇಳುವ ಮಿಸ್ತ್ರಿಯ ಹತ್ತಿರ ಗಾಡಿ ಬಿಡಬೇಡಿ.

ಪೂರಾ ಸೆಟ್ ಎಂದರೆ ಬಾಕ್ಸ್, ವೇನ್ ಪಂಪ್, ಎಣ್ಣೆ ಟಾಕಿ, ಪ್ರೆಶರ್ ಹೋಸ್, ರಿಟರ್ನ್ ಹೋಸ್, ಡ್ರಾಪ್ ಆರ್ಮ್, ಎರಡು ಯೂನಿವರ್ಸಲ್ ಜಾಯಿಂಟ್ ಇರುವ ನಡುಶಾಫ್ಟ್, ಪಂಪ್ ಬ್ರ್ಯಾಕೆಟ್, ಎರಡು ಬೆಲ್ಟ್ ಕೂರುವ ಎರಡು ತೋಡಿನ ಕ್ರ್ಯಾಂಕ್ ಪುಲ್ಲಿ, ಬೆಲ್ಟ್. ಇವೆಲ್ಲ ಒಂದೇ ಕಡೆ ಸಿಗುವುದು ಕಡಿಮೆ. ಬಾಕ್ಸ್ ಮತ್ತು ಪಂಪ್ ಸೋಲಾಪುರ ಅಥವಾ ಹೈದರಾಬಾದಿನ ಗುಜರಿಯಿಂದ ಬರುತ್ತವೆ, ಉಳಿದದ್ದು ಇಲ್ಲಿಯ ಲೇತಿನಲ್ಲಿ ಆಗುತ್ತದೆ. ಗುಜರಿ ಬಾಕ್ಸ್ ತಗೊಂಡರೆ ತಪ್ಪೇನಿಲ್ಲ, ನೋಡಿ ತಗೋಬೇಕು ಅಷ್ಟೇ. ಮೇಲಿನ ಇನ್‌ಪುಟ್ ಶಾಫ್ಟಿನ ಸೀಲ್ ಸುತ್ತ, ಡ್ರಾಪ್ ಆರ್ಮ್ ಕೂಡುವ ಕೆಳಗಿನ ಸೆಕ್ಟರ್ ಶಾಫ್ಟಿನ ಸೀಲ್ ಸುತ್ತ ಎಣ್ಣೆ ಜಿನುಗಿದ ಗುರುತು ಹುಡುಕಿ. ಡ್ರಾಪ್ ಆರ್ಮ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಸೆಕ್ಟರ್ ಶಾಫ್ಟ್ ಬುಶ್ಶಿನಲ್ಲಿ ಆಡಿದರೆ ಆ ಬಾಕ್ಸನ್ನು ಅಲ್ಲೇ ಬಿಡಿ. ಡ್ರಾಪ್ ಆರ್ಮನ್ನು ಬಾಕ್ಸಿನ ಜೊತೆಗೇ ತಗೊಳ್ಳಿ. ಬೇರೆ ಆರ್ಮ್ ತಂದು ಹಲ್ಲು ಹೊಂದಲಿಲ್ಲವೆಂದು ಉಜ್ಜಿ ಕೂಡಿಸುವ ಕೆಲಸ ಆಗಲೇಬಾರದು.

ಇಂಟರ್ನೆಟ್ಟಿನಲ್ಲಿ ಹಳೇ ಶೆವ್ರೋಲೆ, ಫೋರ್ಡ್ ಪಿಕಪ್ಪುಗಳಿಗೆ ಅಮೆರಿಕದವರು ಹಾಕುವ ಸ್ಯಾಗಿನಾ ಬಾಕ್ಸಿನ ಕಿಟ್ಟುಗಳನ್ನು ನೋಡಿ ಆಸೆಪಡುವವರಿದ್ದಾರೆ. ಬಾಕ್ಸ್ ಒಳ್ಳೆಯದೇ, ಅಲ್ಲಿಯ ಜೀಪ್ ಸಿಜೆ ಗಾಡಿಗಳಿಗೆ 1972ರಿಂದ ಸ್ಯಾಗಿನಾ ಬಾಕ್ಸೇ ಬಂತು. ಆದರೆ ಆ ಕಿಟ್ಟುಗಳು ಸ್ಟೇರಿಂಗ್ ಎಡಕ್ಕಿರುವ ಗಾಡಿಗೆ ಮಾಡಿದವು. ಚೇಸಿಯ ಬಲಕ್ಕೆ ತಂದು ಹಚ್ಚಿದರೆ ಬೋಲ್ಟಿನ ಮುಖ, ಹೋಸಿನ ಬಾಯಿ, ಡ್ರಾಪ್ ಆರ್ಮಿನ ದಿಕ್ಕು ಯಾವುದೂ ಹೊಂದುವುದಿಲ್ಲ. ಎಲ್ಲಕ್ಕಿಂತ ಅಪಾಯದ್ದು ಇನ್ನೊಂದು: ಆರ್ಮ್ ಹಿಂದಕ್ಕೆ ಚಾಚುವ ಬಾಕ್ಸನ್ನು ಮುಂದಕ್ಕೆ ಚಾಚುವಂತೆ ಕೂಡಿಸಿದರೆ ಸ್ಟೇರಿಂಗ್ ಎಡಕ್ಕೆ ತಿರುಗಿಸಿದಾಗ ಗಾಲಿ ಬಲಕ್ಕೆ ತಿರುಗಬಹುದು. ಯಾವ ಬಾಕ್ಸೇ ಆಗಲಿ, ಬೋಲ್ಟ್ ಬಿಗಿಯುವ ಮುಂಚೆ ಗಾಲಿ ಎತ್ತಿ ದಿಕ್ಕು ನೋಡಿಕೊಳ್ಳಿ.

ಈಗ ಚೇಸಿ. ಹಳೇ ಬಾಕ್ಸ್ ಹೊತ್ತಿದ್ದ ಜಾಗ ಮನುಷ್ಯನ ತೋಳಿನ ಬಲಕ್ಕೆ ಲೆಕ್ಕ ಹಾಕಿ ಮಾಡಿದ್ದು. ಪವರ್ ಬಾಕ್ಸಿನೊಳಗೆ ಎಂಬತ್ತು, ನೂರು ಬಾರ್ ಒತ್ತಡದ ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ, ಆ ತಳ್ಳಾಟವೆಲ್ಲ ನಾಲ್ಕು ಬೋಲ್ಟಿನ ಮೂಲಕ ಚೇಸಿಗೆ ಬರುತ್ತದೆ. ಬರೀ ತೂತು ಕೊರೆದು ಬೋಲ್ಟ್ ಹಾಕಿದ ಗಾಡಿಗಳನ್ನು ಕೆಲವು ತಿಂಗಳಾದ ಮೇಲೆ ನೋಡಬೇಕು. ಮೇಲಿನ ಬೋಲ್ಟಿನ ಪಕ್ಕ ಕೂದಲೆಳೆಯಷ್ಟು ಸಣ್ಣ ಗೆರೆ, ಅದರಿಂದ ಕೆಳಗೆ ಇಳಿದ ಕಂದು ತುಕ್ಕಿನ ಕಣ್ಣೀರು. ಬಟ್ಟೆಯಿಂದ ಒರೆಸಿ, ಒಬ್ಬರು ಸ್ಟೇರಿಂಗ್ ಆಡಿಸುವಾಗ ಬೆರಳಿಟ್ಟು ನೋಡಿದರೆ ಗೆರೆಯ ಎರಡು ಅಂಚು ಬಾಯಿ ತೆರೆದು ಮುಚ್ಚುವುದು ಬೆರಳಿಗೇ ತಿಳಿಯುತ್ತದೆ. ಆ ಗಾಡಿಯನ್ನು ಅಲ್ಲಿಂದ ಹೊರಡಿಸಬಾರದು.

ಸರಿಯಾದ ಕೆಲಸ ಹೀಗೆ: 6 ಮಿ.ಮೀ. ದಪ್ಪದ ಪ್ಲೇಟು, ಬಾಕ್ಸಿಗಿಂತ ಎರಡೂ ಕಡೆ ಸಾಕಷ್ಟು ಉದ್ದ, ತುದಿಗಳು ನೇರ ಕತ್ತರಿಸಿದ್ದಲ್ಲ, ಮೀನಿನ ಬಾಯಿಯ ಹಾಗೆ ಒಳಕ್ಕೆ ತೆಗೆದದ್ದು. ನೇರ ಅಂಚಿಗೆ ಚೇಸಿಯ ಅಡ್ಡಕ್ಕೆ ಮೇಲಿಂದ ಕೆಳಗೆ ವೆಲ್ಡಿಂಗ್ ಎಳೆದರೆ ಆ ಗೆರೆಯಲ್ಲೇ ಚೇಸಿ ಸೀಳುತ್ತದೆ. ಚೇಸಿ ಒಳಗೆ ಟೊಳ್ಳಿದ್ದಲ್ಲಿ ಪ್ರತಿ ಬೋಲ್ಟಿಗೂ ದಪ್ಪ ಗೋಡೆಯ ಪೈಪಿನ ಬುಶ್ಶು ಆರಪಾರ ಕೂಡಿಸಿ ಎರಡೂ ಬದಿ ವೆಲ್ಡ್ ಮಾಡಬೇಕು. ಇಲ್ಲದಿದ್ದರೆ ಬೋಲ್ಟ್ ಬಿಗಿದಷ್ಟೂ ಚೇಸಿಯ ಗೋಡೆ ಒಳಗೆ ಕುಗ್ಗುತ್ತದೆ, ಹದಿನೈದು ದಿನಕ್ಕೆ ಬೋಲ್ಟ್ ಸಡಿಲ. ಬೋಲ್ಟ್ 10.9 ಗ್ರೇಡಿನದೇ ಇರಲಿ, ತಲೆಯ ಮೇಲೆ ಅಂಕಿ ಓದಿ ನೋಡಿ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿದ್ದಾರೋ ಇಲ್ಲವೋ ಗಮನಿಸಿ. ಬಿಚ್ಚದಿದ್ದರೆ ಆಲ್ಟರ್ನೇಟರಿನ ಡಯೋಡ್ ಸುಡಬಹುದು. ಶಹಾಬಾದಿನ ಪರಸಿ ಕಲ್ಲು ಹೊರುವ ಗಾಡಿಗಳಲ್ಲಿ ಚೇಸಿ ಮೊದಲೇ ದಣಿದಿರುತ್ತದೆ, ಅಂಥವಕ್ಕೆ ಒಳಬದಿಗೂ ಪ್ಲೇಟು ಬೇಕು.

ನಡುಶಾಫ್ಟಿನ ವಿಷಯದಲ್ಲಿ ರಾಜಿ ಇಲ್ಲ. ಹಳೇ ಜೀಪಿನ ಬಾಕ್ಸುಗಳಲ್ಲಿ ಕಾಲಮ್ಮಿನ ಉದ್ದ ಶಾಫ್ಟೂ ಕೆಳಗೆ ಬಾಕ್ಸಿನೊಳಗಿನ ಸ್ಕ್ರೂನಂಥ ವರ್ಮೂ ಒಂದೇ ತುಂಡು. ಅದನ್ನು ನಡುವೆ ಕತ್ತರಿಸಿ, ಜಾಯಿಂಟನ್ನು ವೆಲ್ಡ್ ಮಾಡಿ ಕೊಡುವುದು ಸುಲಭದ ದಾರಿ, ಹೆಚ್ಚಿನವರು ಹಿಡಿಯುವುದೂ ಅದನ್ನೇ. ಸ್ಟೇರಿಂಗ್ ಶಾಫ್ಟಿನ ವೆಲ್ಡಿಂಗ್ ಬಿಟ್ಟರೆ ಕೈಯಲ್ಲಿ ಚಕ್ರ ಮಾತ್ರ ಉಳಿಯುತ್ತದೆ. ಬೇಕಾದದ್ದು ಕೆಳಗೆ ತನ್ನದೇ ಬೇರಿಂಗ್ ಇರುವ ಬೇರೆ ಕಾಲಮ್, ಅದರ ತುದಿಗೆ ಹಲ್ಲಿನ ಜಾಯಿಂಟು, ಶಾಫ್ಟಿನ ತೋಡಿನೊಳಗೆ ಕೂಡುವ ಪಿಂಚ್ ಬೋಲ್ಟು. ಎರಡು ಜಾಯಿಂಟಿನ ಕೋನ ಹತ್ತಿರಹತ್ತಿರ ಸಮ ಇರಬೇಕು, 30 ಡಿಗ್ರಿ ದಾಟಬಾರದು. ನಡುಶಾಫ್ಟಿನ ಎರಡೂ ತುದಿಯ ಕವೆಗಳು ಒಂದೇ ಸಾಲಿನಲ್ಲಿರಬೇಕು. ಕವೆ ತಪ್ಪಿದ್ದರೆ ಎಂಜಿನ್ ಶುರುವಿಟ್ಟು ನಿಂತಲ್ಲೇ ನಿಧಾನ ಒಂದು ಸುತ್ತು ತಿರುಗಿಸಿ ನೋಡಿ: ಹಗುರ, ಜಡ, ಮತ್ತೆ ಹಗುರ, ಮತ್ತೆ ಜಡ. ಬಾಕ್ಸ್ ಕೆಟ್ಟಿದೆ ಎಂದು ಬದಲಿಸಿದವರೂ ಇದ್ದಾರೆ. ಜಾಯಿಂಟ್ ಬಿಚ್ಚಿ ಕವೆ ಸಾಲಿಗೆ ತಂದು ಕೂಡಿಸಿದ್ದರೆ ಮುಗಿಯುತ್ತಿತ್ತು.

ಪಂಪಿನ ಬ್ರ್ಯಾಕೆಟ್ಟಿನಲ್ಲಿ ನಮ್ಮ ಡೀಸೆಲ್ ಗಾಡಿಗಳಿಗೇ ಸೇರಿದ ಒಂದು ತೊಡಕಿದೆ. ಬ್ರೇಕ್ ಬೂಸ್ಟರ್ ಇರುವ ಗಾಡಿಗಳಲ್ಲಿ ವ್ಯಾಕ್ಯೂಮ್ ಪಂಪ್ ಸಾಮಾನ್ಯವಾಗಿ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಸ್ಟೇರಿಂಗ್ ಪಂಪಿಗೆ ಜಾಗ ಮಾಡಲು ಆಲ್ಟರ್ನೇಟರ್ ಸರಿಸಿ, ಎರಡಕ್ಕೂ ಒಂದೇ ಬೆಲ್ಟ್ ಹಾಕಿದರೆ, ಬೆಲ್ಟ್ ಹರಿದ ದಿನ ಸ್ಟೇರಿಂಗೂ ಜಡ, ಬ್ರೇಕೂ ಜಡ, ಎರಡೂ ಒಟ್ಟಿಗೆ. ಆದ್ದರಿಂದ ಕ್ರ್ಯಾಂಕ್ ಪುಲ್ಲಿಗೆ ಇನ್ನೊಂದು ತೋಡು ತೆಗೆಸಿ ಪಂಪಿಗೆ ಬೇರೆಯೇ ಬೆಲ್ಟ್ ಕೊಡಿಸಿ. ಪುಲ್ಲಿಗಳ ಸಾಲಿಗೆ ನೇರ ಪಟ್ಟಿ ಇಟ್ಟು ನೋಡಿದಾಗ ಒಂದು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ಬೆಲ್ಟನ್ನು ನಡುವೆ ಹೆಬ್ಬೆರಳಿಂದ ಒತ್ತಿದರೆ 10–12 ಮಿ.ಮೀ. ಬಗ್ಗಬೇಕು. ಟಾಕಿ ಪಂಪಿಗಿಂತ ಮೇಲಿರಲಿ. ಪ್ರೆಶರ್ ಹೋಸ್ ಎರಡೂ ತುದಿಗೆ ಮೆಶಿನ್ನಿನಲ್ಲಿ ಒತ್ತಿದ್ದೇ ಆಗಬೇಕು, ಕ್ಲಿಪ್ ಹಾಕಿದ ಹೋಸ್ ರಿಟರ್ನಿಗೆ ಮಾತ್ರ. ಹೋಸ್ ಸೈಲೆನ್ಸರ್ ಪೈಪಿನ ಹತ್ತಿರ ಹಾಯ್ದಿದ್ದರೆ ಅಲ್ಲೇ ತಿರುಗಿಸಿ ಹಾಕಿಸಿ, ಸೋರಿದ ಎಣ್ಣೆ ಕಾದ ಪೈಪಿನ ಮೇಲೆ ಬಿದ್ದರೆ ಬೆಂಕಿ. ನಮ್ಮಲ್ಲಿ ಮೇ ತಿಂಗಳ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ರಿಟರ್ನ್ ಲೈನಿನಲ್ಲಿ ರೇಡಿಯೇಟರಿನ ಮುಂದೆ ಎರಡು ಮಡಿಕೆ ಲೋಹದ ಪೈಪು ಹಾಯಿಸಿದರೆ ಎಣ್ಣೆ ತಣ್ಣಗಿರುತ್ತದೆ. ಇದನ್ನು ಕೇಳದೆ ಯಾರೂ ಮಾಡಿಕೊಡುವುದಿಲ್ಲ, ಕೇಳಿ ಮಾಡಿಸಿ.

ಬಾಕ್ಸಿನ ನಡುಬಿಂದು ಹಿಡಿಯುವುದು ಹತ್ತು ನಿಮಿಷದ ಕೆಲಸ. ಲಿಂಕ್ ಹಚ್ಚುವ ಮುಂಚೆ ಬಾಕ್ಸನ್ನು ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ ಸುತ್ತು ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಿ, ಗಾಲಿ ನೇರ ಇಟ್ಟು, ಲಿಂಕಿನ ಉದ್ದವನ್ನು ಅದಕ್ಕೆ ಹೊಂದಿಸಬೇಕು. ಸ್ಟೇರಿಂಗ್ ಚಕ್ರ ಸೊಟ್ಟ ಕಂಡರೆ ಚಕ್ರ ಬಿಚ್ಚಿ ನೇರಕ್ಕೆ ಕೂಡಿಸಿ, ಲಿಂಕ್ ಮುಟ್ಟಬೇಡಿ. ಆಕ್ಸಲ್ಲಿನ ಸ್ಟಾಪ್ ಬೋಲ್ಟು ಬಾಕ್ಸ್ ಒಳಗೆ ತುದಿ ಮುಟ್ಟುವ ಮುಂಚೆಯೇ ತಾಗಬೇಕು. ಪೂರಾ ತಿರುಗಿಸಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂದು ಡ್ರೈವರಿಗೂ ಹೇಳಿ. ಆಗ ಪಂಪು ತನ್ನ ಪೂರ್ತಿ ಒತ್ತಡದಲ್ಲಿ ಎಣ್ಣೆ ಸುತ್ತಿಸುತ್ತಾ ಬಿಸಿಯಾಗುತ್ತಿರುತ್ತದೆ.

ಎಣ್ಣೆ ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ), ಡೆಕ್ಸ್‌ರಾನ್ ಗುರುತಿನದು, ಒಂದರಿಂದ ಒಂದೂವರೆ ಲೀಟರ್. ಗುಜರಿ ಬಾಕ್ಸಾದರೆ ಮೊದಲ ಎಣ್ಣೆ ತೊಳೆಯುವುದಕ್ಕೇ ಹೋಗುತ್ತದೆ, ಎರಡು ಡಬ್ಬಿ ತರಿಸಿ. ಗಾಲಿ ಎತ್ತಿ, ಎಂಜಿನ್ ಬಂದ್ ಇಟ್ಟು, ಇಪ್ಪತ್ತು ಸಲ ಆ ತುದಿ ಈ ತುದಿ ತಿರುಗಿಸುತ್ತಾ ಟಾಕಿ ತುಂಬಿಸಬೇಕು, ಆಮೇಲೆ ಶುರು ಮಾಡಬೇಕು. ಅವಸರಕ್ಕೆ ಮೊದಲೇ ಶುರು ಮಾಡಿದರೆ ಟಾಕಿಯ ಮುಚ್ಚಳ ತೆಗೆದ ಕೂಡಲೇ ಗೊತ್ತಾಗುತ್ತದೆ: ಕೆಂಪಗೆ ತಿಳಿಯಾಗಿರಬೇಕಾದ ಎಣ್ಣೆ ಗುಲಾಬಿ ಹಾಲಿನಂತೆ ನೊರೆಗಟ್ಟಿರುತ್ತದೆ, ಪಂಪು ಕುಂಯ್ ಎಂದು ಅಳುತ್ತದೆ. ಬಂದ್ ಮಾಡಿ, ನೊರೆ ಇಳಿಯುವವರೆಗೆ ಬಿಟ್ಟು, ಮತ್ತೆ ಮೊದಲಿಂದ.

ಕೆಲಸ ಮುಗಿದ ಮೇಲೆ ಬರುವ ದೊಡ್ಡ ದೂರು, ಹುಮನಾಬಾದ್ ರಸ್ತೆಯಲ್ಲಿ ಅರವತ್ತು ದಾಟಿದರೆ ಗಾಡಿ ಅಲೆಯುತ್ತದೆ, ತಿರುವಿನಿಂದ ಸ್ಟೇರಿಂಗ್ ತಾನೇ ವಾಪಸ್ ಬರುವುದಿಲ್ಲ ಎಂಬುದು. ಬಾಕ್ಸಿಗೆ ಬೈಯಬೇಡಿ. ಕೈ ಸ್ಟೇರಿಂಗ್ ಹಗುರ ಇರಲೆಂದು ಹಳೇ ಗಾಡಿಗಳಲ್ಲಿ ಕ್ಯಾಸ್ಟರ್ ಕೋನ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆ ಇಟ್ಟಿರುತ್ತಾರೆ. ಪವರಿಗೆ ನಾಲ್ಕೈದು ಡಿಗ್ರಿ ಇದ್ದರೆ ಗಾಲಿ ನೇರಕ್ಕೆ ಮರಳುತ್ತದೆ. ಕಮಾನ್ ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಓರೆ ಪಚ್ಚರು ಕೊಟ್ಟು ಇದನ್ನು ಸರಿಮಾಡುತ್ತಾರೆ. ಫೋರ್ ವೀಲ್ ಗಾಡಿಯಾದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗುತ್ತದೆ, ಅದನ್ನೂ ನೋಡಬೇಕು. ತಗ್ಗು ಬಿದ್ದಾಗಲೆಲ್ಲ ಸ್ಟೇರಿಂಗ್ ತಾನೇ ಎಳೆದರೆ ಕಾರಣ ಬೇರೆ: ಡ್ರಾಪ್ ಆರ್ಮಿಗೆ ಹಚ್ಚಿದ ಡ್ರ್ಯಾಗ್ ಲಿಂಕ್ ಮಟ್ಟಸವಿಲ್ಲ, ಬಾಕ್ಸ್ ತೀರ ಮೇಲೆ ಕೂತಿದೆ. ಅದಕ್ಕೆ ಅಲೈನ್ಮೆಂಟಿನಲ್ಲಿ ಮದ್ದಿಲ್ಲ, ಪ್ಲೇಟನ್ನೇ ಮತ್ತೆ ಮಾಡಬೇಕು.

ಆಲ್ಟೊ, ವ್ಯಾಗನಾರ್‌ನಿಂದ ಬಿಚ್ಚಿದ ಎಲೆಕ್ಟ್ರಿಕ್ ಕಾಲಮ್ ಅಗ್ಗ, ಹೋಸು ಎಣ್ಣೆಯ ಗೋಜಿಲ್ಲ, ಎರಡು ದಿನದ ಕೆಲಸ. ಭಾನುವಾರ ಹೊರಗೆ ತೆಗೆಯುವ ಜೀಪಿಗೆ ಸಾಕು. ದುಡಿಯುವ ಪಿಕಪ್ಪಿಗೆ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಮೋಟಾರಿನ ಬಲ ಹೋಗಿ ಬೀಳುವುದು ಅದೇ ಸವೆದ ಹಳೇ ಬಾಕ್ಸಿನ ಮೇಲೆ. ನಿಂತಲ್ಲಿ ತಿರುಗಿಸುವಾಗ ಮೋಟಾರು ಮೂವತ್ತು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ, ಹಳೇ ಆಲ್ಟರ್ನೇಟರಿಗೆ ಅದು ಭಾರ. ವೇಗದ ಸಿಗ್ನಲ್ ಸಿಗದಿದ್ದರೆ ನೂರರ ವೇಗಕ್ಕೂ ನಿಂತ ಗಾಡಿಗೂ ಒಂದೇ ಹಗುರ.

ಕಾಗದದ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. ಕೆಲಸಕ್ಕೆ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಬರಹದಲ್ಲಿ ಕೇಳಿ, ವಿಮೆಯವರಿಗೂ ತಿಳಿಸಿ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷಕ್ಕೊಮ್ಮೆ ಪಾಸಿಂಗ್ ಇದೆ, ಸ್ಟೇರಿಂಗ್ ಚಕ್ರದ ಆಟ 30 ಡಿಗ್ರಿ ಮೀರಬಾರದೆಂದು ನಿಯಮವಿದೆ. ಚೆನ್ನಾಗಿ ಕೂಡಿಸಿದ ಬಾಕ್ಸಿನಲ್ಲಿ ಅಷ್ಟು ಆಟ ಬರುವುದೇ ಇಲ್ಲ.

ರೇಟ್ ಕೇಳುವಾಗ ಒಟ್ಟು ಮೊತ್ತ ಕೇಳಬೇಡಿ. ಬಾಕ್ಸ್ ಮತ್ತು ಪಂಪಿಗೆ ಎಷ್ಟು, ಹೋಸಿಗೆ ಎಷ್ಟು, ಪ್ಲೇಟು ಬ್ರ್ಯಾಕೆಟ್ಟಿಗೆ ಎಷ್ಟು, ಕಾಲಮ್ ಶಾಫ್ಟಿಗೆ ಎಷ್ಟು ಎಂದು ನಾಲ್ಕು ಸಾಲು ಬರೆಸಿಕೊಳ್ಳಿ. ಕೊನೆಯ ಎರಡು ಸಾಲಿನಲ್ಲಿ ಮೊತ್ತ ತೀರ ಸಣ್ಣದಿದ್ದರೆ ಅಲ್ಲಿ ವೆಲ್ಡಿಂಗ್ ಮಾಡಿ ಕೈತೊಳೆದುಕೊಳ್ಳುತ್ತಾರೆ ಎಂದೇ ಅರ್ಥ. ಗಾಡಿ ತಗೊಂಡು ಬರುವ ದಿನ ಖಾಲಿ ರಸ್ತೆಯಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಸ್ಟೇರಿಂಗ್ ತಿರುಗಿಸಿ ನೋಡಿ. ಬೆಲ್ಟ್ ಹರಿದರೂ ಬಾಕ್ಸ್ ಗಾಲಿ ತಿರುಗಿಸುತ್ತದೆ, ಆದರೆ ಈ ಬಾಕ್ಸಿಗೆ ತುದಿಯಿಂದ ತುದಿಗೆ ಸುತ್ತು ಕಡಿಮೆಯಾದ್ದರಿಂದ ಹಳೇ ಕೈ ಸ್ಟೇರಿಂಗಿಗಿಂತ ಜಡ. ಆ ಜಡತನ ಎಷ್ಟೆಂದು ಗಾಡಿ ಓಡಿಸುವವರ ಕೈಗೆ ಮುಂಚೆಯೇ ಗೊತ್ತಿರಬೇಕು. 500 ಕಿ.ಮೀ. ಆದ ಮೇಲೆ ಬಾಕ್ಸಿನ ಬೋಲ್ಟು, ಡ್ರಾಪ್ ಆರ್ಮಿನ ನಟ್ಟು, ಪಿಂಚ್ ಬೋಲ್ಟುಗಳನ್ನು ಟಾರ್ಕ್ ಪಾನಾದಲ್ಲಿ ಮತ್ತೊಮ್ಮೆ ಬಿಗಿಸಿ, ಪ್ರತಿ ಬೋಲ್ಟಿನ ತಲೆಯಿಂದ ಚೇಸಿಗೆ ಬಿಳಿ ಪೇಂಟಿನ ಗೆರೆ ಎಳೆಸಿ. ಆಮೇಲೆ ಗೆರೆ ಮುರಿದು ಕಂಡ ದಿನ ಬೋಲ್ಟ್ ಸರಿದಿದೆ ಎಂದು ಬಗ್ಗಿ ನೋಡಿದರೆ ತಿಳಿಯುತ್ತದೆ.