ಲಾಸ್ ವೇಗಸ್: ಅಪ್ಪ ಅಮ್ಮನಿಗೆ ಯಾವ ಹೋಟೆಲ್?

ಉತ್ತರ ಮೊದಲೇ ಹೇಳಿಬಿಡೋಣ. ಊರಿಂದ ಬಂದಿರುವ ಅಪ್ಪ ಅಮ್ಮನಿಗೆ ಅರವತ್ತೈದು ದಾಟಿದೆ, ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ, ಮೂರು ರಾತ್ರಿ ಲಾಸ್ ವೇಗಸ್ ತೋರಿಸಬೇಕು ಅಂತಿದ್ದರೆ ಮೊದಲ ಆಯ್ಕೆ ವಿಡಾರಾ. ಎರಡನೆಯದು ಪಾರ್ಕ್ ಎಂಜಿಎಂ. ಖರ್ಚಿಗೆ ಹಿಂದೆಮುಂದೆ ನೋಡದವರಿಗೆ ಬೆಲ್ಲಾಜಿಯೊ. ವೆನಿಷಿಯನ್‌ನ ಕೋಣೆಗಳು ಇವೆಲ್ಲಕ್ಕಿಂತ ದೊಡ್ಡವು, ಚೆಂದದವು. ಆದರೆ ಮಂಡಿ ಗಟ್ಟಿ ಇದ್ದವರಿಗೆ ಮಾತ್ರ.

ಹೀಗೆ ಸಾಲು ಹಚ್ಚಲು ಎರಡೇ ಅಳತೆಗೋಲು: ಎಷ್ಟು ನಡೆಯಬೇಕು, ಎಷ್ಟು ಹೊಗೆ ಕುಡಿಯಬೇಕು. ಈಜುಕೊಳ ಈ ಎಲ್ಲ ಹೋಟೆಲಿನಲ್ಲೂ ಇದೆ, ಶೋ, ದೀಪಗಳನ್ನು ನೋಡಲು ಅಲ್ಲೇ ಉಳಿಯಬೇಕೆಂದಿಲ್ಲ. ವಯಸ್ಸಾದವರ ಪ್ರವಾಸ ಕೆಡುವುದು ಸಾಮಾನ್ಯವಾಗಿ ಲಿಫ್ಟಿನಿಂದ ಕೋಣೆಗೆ ಹೋಗುವ ಉದ್ದನೆಯ ಕಾರಿಡಾರಿನಲ್ಲಿ, ಬೆಳಗ್ಗೆ ಆರಕ್ಕೆ ಕಾಫಿ ಸಿಗದಿದ್ದಾಗ, ಸಂಜೆ ಸಿಗರೇಟಿನ ಹೊಗೆಗೆ ಕೆಮ್ಮು ಶುರುವಾದಾಗ.

ಹೊಗೆಯ ವಿಷಯ ಭಾರತದಿಂದ ಬಂದವರಿಗೆ ನಂಬಲಾಗುವುದಿಲ್ಲ. ಅಮೆರಿಕದಲ್ಲಿ ಒಳಗೆ ಸಿಗರೇಟು ಸೇದಲು ಬಿಡುತ್ತಾರೆಯೇ ಎಂದು ಕೇಳುತ್ತಾರೆ. ನೆವಾಡಾದ ಜನ 2006ರಲ್ಲಿ ಒಪ್ಪಿದ ಕಾನೂನು ರೆಸ್ಟೋರೆಂಟುಗಳಲ್ಲಿ ಧೂಮಪಾನ ನಿಲ್ಲಿಸಿತು, ಕ್ಯಾಸಿನೊ ಅಂಗಳವನ್ನು ಹೊರಗಿಟ್ಟಿತು. ಹಾಗಾಗಿ ಕೋಣೆ 'ನಾನ್ ಸ್ಮೋಕಿಂಗ್' ಆಗಿದ್ದರೂ, ಅದಕ್ಕೆ ಹೋಗುವ ದಾರಿ ಕ್ಯಾಸಿನೊ ಮಧ್ಯದಿಂದಲೇ ಹಾಯುತ್ತದೆ. ಬಹಳಷ್ಟು ಹೋಟೆಲುಗಳನ್ನು ಕಟ್ಟಿರುವುದೇ ಹಾಗೆ: ಚೆಕ್‌-ಇನ್ ಕೌಂಟರಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಊಟಕ್ಕೆ, ಎಲ್ಲದಕ್ಕೂ ಸ್ಲಾಟ್ ಮಷೀನುಗಳ ಸಾಲು ದಾಟಬೇಕು. ಅಸ್ತಮಾ ಇರುವವರಿಗೆ ದಿನಕ್ಕೆ ಆರೇಳು ಸಲ ಈ ಓಡಾಟ ಆಗಿಬರುವುದಿಲ್ಲ.

ವಿಡಾರಾ ಮೊದಲು ನಿಲ್ಲುವುದು ಇದಕ್ಕೇ. 2009ರಲ್ಲಿ ತೆರೆದ ಈ ಹೋಟೆಲಿನಲ್ಲಿ ಕ್ಯಾಸಿನೊ ಇಲ್ಲವೇ ಇಲ್ಲ, ಇಡೀ ಕಟ್ಟಡದಲ್ಲಿ ಧೂಮಪಾನವೂ ಇಲ್ಲ. ಕಾರಿಳಿದು ಲಾಬಿ, ಲಾಬಿಯಿಂದ ಲಿಫ್ಟ್, ಅಷ್ಟೇ. ಎಲ್ಲವೂ ಸೂಟ್‌ಗಳು, ಫ್ರಿಡ್ಜ್, ಮೈಕ್ರೋವೇವ್ ಇರುವ ಪುಟ್ಟ ಅಡುಗೆಮೂಲೆ ಬಹುಪಾಲು ಸೂಟ್‌ಗಳಲ್ಲಿದೆ. ಒಲೆ, ಪಾತ್ರೆ ಇವೆಯೇ ಎಂಬುದು ಸೂಟ್‌ನ ವಿಧದ ಮೇಲೆ ಹೋಗುತ್ತದೆ, ಬುಕ್ ಮಾಡುವ ಮೊದಲು ಫೋನ್ ಮಾಡಿ ಕೇಳಿ. ಮೈಕ್ರೋವೇವ್ ಒಂದಿದ್ದರೂ ಅನ್ನ ಬಿಸಿಯಾಗುತ್ತದೆ. ಮೊಸರು, ಉಪ್ಪಿನಕಾಯಿ ಜೊತೆಗಿದ್ದರೆ ರಾತ್ರಿಯ ಊಟ ಆಯಿತು. ಕ್ಯಾಸಿನೊ ನೋಡಬೇಕೆನಿಸಿದರೆ ಬೆಲ್ಲಾಜಿಯೊ ಐದಾರು ನಿಮಿಷದ ನಡಿಗೆ, ಪಕ್ಕದಲ್ಲೇ ಉಚಿತ ಟ್ರಾಮ್ ನಿಲ್ದಾಣವೂ ಇದೆ. ಆ ಟ್ರಾಮ್ ಬೆಲ್ಲಾಜಿಯೊ, ಕ್ರಿಸ್ಟಲ್ಸ್ ಎಂಬ ಶಾಪಿಂಗ್ ಮಾಲ್, ಪಾರ್ಕ್ ಎಂಜಿಎಂ ಈ ಮೂರರ ನಡುವೆ ಓಡುತ್ತದೆ. ಕೊರತೆ ಎಂದರೆ ವಿಡಾರಾ ಒಳಗೆ ಕೂತು ಉಣ್ಣುವ ಜಾಗಗಳು ತೀರಾ ಕಡಿಮೆ. ರಾತ್ರಿ ತಡವಾಗಿ ಹಸಿವಾದರೆ ಹೊರಗೆ ಹೋಗಬೇಕಾಗಬಹುದು, ಇಲ್ಲವೇ ಫ್ರಿಡ್ಜ್ ತೆಗೆಯಬೇಕು.

ಕ್ಯಾಸಿನೊದ ಗದ್ದಲ ಮನೆ ಬಾಗಿಲಲ್ಲೇ ಇರಬೇಕು, ಹೊಗೆ ಬೇಡ ಅನ್ನುವವರಿಗೆ ಪಾರ್ಕ್ ಎಂಜಿಎಂ. ಮೊದಲು ಮಾಂಟೆ ಕಾರ್ಲೊ ಆಗಿದ್ದ ಈ ಹೋಟೆಲು 2018ರಲ್ಲಿ ಹೆಸರು ಬದಲಿಸಿತು, 2020ರ ಸೆಪ್ಟೆಂಬರಿನಲ್ಲಿ, ದೊಡ್ಡ ಹೋಟೆಲುಗಳು ಸಾಲಾಗಿರುವ ಮುಖ್ಯ ರಸ್ತೆಯಾದ ಸ್ಟ್ರಿಪ್‌ನ ಮೊದಲ ಪೂರ್ತಿ ಹೊಗೆರಹಿತ ಕ್ಯಾಸಿನೊ ರೆಸಾರ್ಟ್ ಆಯಿತು. ಕ್ಯಾಸಿನೊ ಅಂಗಳ ಇಲ್ಲಿ ಚಿಕ್ಕದು, ಆದ್ದರಿಂದ ನಡಿಗೆಯೂ ಕಡಿಮೆ. ಒಳಗೇ ಈಟಾಲಿ ಎಂಬ ಇಟಾಲಿಯನ್ ತಿನಿಸುಗಳ ಮಳಿಗೆ ಇದೆ, ಬೆಳಗ್ಗೆ ಕಾಫಿ, ಮಧ್ಯಾಹ್ನ ಮಾರ್ಗರೀಟಾ ಪಿಜ್ಜಾ ಸಲೀಸಾಗಿ ಸಿಗುತ್ತವೆ. ಕೋಣೆಗಳು ಚಿಕ್ಕವು. ಎರಡು ದೊಡ್ಡ ಸೂಟ್‌ಕೇಸ್ ಬಿಚ್ಚಿಟ್ಟರೆ ಓಡಾಡಲು ಜಾಗ ಇರುವುದಿಲ್ಲ. ಮೂರು ರಾತ್ರಿಗೆ ಒಂದು ಕ್ಯಾಬಿನ್ ಬ್ಯಾಗ್ ಸಾಕು, ಉಳಿದದ್ದು ಮಕ್ಕಳ ಮನೆಯಲ್ಲೇ ಇರಲಿ.

ಬೆಲ್ಲಾಜಿಯೊ 1998ರದ್ದು. ಲಾಬಿಯ ಚಾವಣಿಯಲ್ಲಿ ಗಾಜಿನ ಕಲಾವಿದ ಡೇಲ್ ಚಿಹುಲಿಯ ಸುಮಾರು 2,000 ಗಾಜಿನ ಹೂಗಳು, ಅದರಾಚೆಗೆ ವರ್ಷಕ್ಕೆ ಐದು ಸಲ ಬದಲಾಗುವ ಹೂದೋಟ, ಮುಂದೆ ಕಾರಂಜಿಯ ಕೆರೆ. ಇದಾವುದಕ್ಕೂ ಟಿಕೆಟ್ ಇಲ್ಲ, ಅಲ್ಲೇ ಉಳಿದಿರಬೇಕೆಂದೂ ಇಲ್ಲ. ಹಾಗಾದರೆ ಹೆಚ್ಚು ದುಡ್ಡು ಕೊಟ್ಟು ಉಳಿಯುವುದೇಕೆ? ಕಾರಂಜಿಯ ಕಡೆಗೆ ಮುಖವಿರುವ ಕೋಣೆ ಸಿಕ್ಕರೆ ಮಾತ್ರ ಅದಕ್ಕೆ ಅರ್ಥ. ಸಂಜೆ ಹೊತ್ತು ಕಾಲು ಗಂಟೆಗೊಮ್ಮೆ, ಮಧ್ಯರಾತ್ರಿಯವರೆಗೆ ಕಾರಂಜಿ ಏಳುತ್ತದೆ. ಕಾಲು ಚಾಚಿ ಕಿಟಕಿಯಿಂದ ನೋಡಬಹುದು. ನಿಂತು ನೋಡಲಾಗದ ಅಜ್ಜ ಅಜ್ಜಿಗೆ ಅದು ನಿಜಕ್ಕೂ ದೊಡ್ಡ ಸುಖ. ಆ ಕೋಣೆ ಇಲ್ಲವೆಂದರೆ ವಿಡಾರಾದಲ್ಲಿ ಉಳಿದು ನಡೆದು ಬಂದು ನೋಡಿ. ಬೆಲ್ಲಾಜಿಯೊದ ಕ್ಯಾಸಿನೊದಲ್ಲಿ ಹೊಗೆ ಇದೆ ಎಂಬುದೂ ನೆನಪಿರಲಿ. ಸ್ಟ್ರಿಪ್ ರಸ್ತೆಯಿಂದ ಲಾಬಿಗೆ ಕೆರೆಯ ಉದ್ದಕ್ಕೂ ಬಳಸಿ ಬರಬೇಕು, ಅದನ್ನು ದಿನಕ್ಕೆರಡು ಸಲ ನಡೆಸಬೇಡಿ. ಕಾರಿನಲ್ಲಿ ನೇರ ಬಾಗಿಲಿಗೇ ಬನ್ನಿ.

ಇನ್ನು ವೆನಿಷಿಯನ್. ಅತಿ ಸಾಮಾನ್ಯ ಕೋಣೆಯೇ ಸುಮಾರು 650 ಚದರ ಅಡಿ. ಫೋಟೋ ನೋಡಿದವರು ತಕ್ಷಣ ಬುಕ್ ಮಾಡುತ್ತಾರೆ. ಆ ಫೋಟೋವನ್ನು ಇನ್ನೊಮ್ಮೆ ನೋಡಿ: ಮಂಚದ ಆಚೆಗೆ ಕಂಬಿ, ಕಂಬಿಯ ಪಕ್ಕ ಮೆಟ್ಟಿಲು, ಕೆಳಗೆ ಸೋಫಾ. ಕೂರುವ ಜಾಗ ಮಲಗುವ ಜಾಗಕ್ಕಿಂತ ತಗ್ಗಿನಲ್ಲಿದೆ. ಹಗಲು ಅದು ಅಂದ. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದವರಿಗೆ, ಹೊಸ ಜಾಗದಲ್ಲಿ, ಕತ್ತಲಲ್ಲಿ, ಆ ಮೆಟ್ಟಿಲು ಸೊಂಟ ಮುರಿಯುವ ಜಾಗ. ಅಲ್ಲೇ ಉಳಿಯಲೇಬೇಕೆಂದರೆ ಮೆಟ್ಟಿಲಿಲ್ಲದ ಆಕ್ಸೆಸಿಬಲ್ ಸೂಟ್ ಕೇಳಿ, ಒಂದು ರಾತ್ರಿದೀಪವನ್ನು ಜೊತೆಗೆ ಒಯ್ಯಿರಿ. ಉಳಿಯದಿದ್ದರೂ ಒಂದು ಮಧ್ಯಾಹ್ನ ಅಲ್ಲಿಗೆ ಕರೆದೊಯ್ಯಿ. ಒಳಗಿನ ಕಾಲುವೆ, ದೋಣಿ, ಬಣ್ಣ ಬಳಿದ ಆಕಾಶ, ಎಲ್ಲ ತಣ್ಣಗಿನ ಎಸಿಯಲ್ಲಿ. ಪಕ್ಕದ ದೈತ್ಯ ಗೋಳಾಕಾರದ ಪ್ರದರ್ಶನ ಮಂದಿರ ಸ್ಫಿಯರ್‌ಗೆ ಅಲ್ಲಿಂದಲೇ ಸೇತುವೆ ಇದೆ. ಸ್ಫಿಯರ್‌ನ ಒಳಗಿನ ಆಸನಗಳ ಸಾಲು ಬಹಳ ಕಡಿದಾಗಿ ಏರುತ್ತದೆ. ತಲೆಸುತ್ತು ಬರುವವರಿದ್ದರೆ ಟಿಕೆಟ್ ಕೊಳ್ಳುವಾಗಲೇ ಮೆಟ್ಟಿಲು ಹತ್ತಬೇಕಾಗದ ಆಕ್ಸೆಸಿಬಲ್ ಸೀಟು ಕೇಳಬೇಕು.

ಎಂಜಿಎಂ ಗ್ರ್ಯಾಂಡ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಸುಮಾರು 5,000 ಕೋಣೆಗಳ ಹೋಟೆಲು ಅದು, ಕೋಣೆಯಿಂದ ರಸ್ತೆಗೆ ಬರುವುದೇ ಒಂದು ವಾಕಿಂಗ್. ಇನ್ನೊಂದು ಎಚ್ಚರಿಕೆ: ಇಂಟರ್ನೆಟ್ಟಿನ ಹಳೆಯ ಪಟ್ಟಿಗಳಲ್ಲಿ ಮಿರಾಜ್, ಟ್ರಾಪಿಕಾನಾ ಹೆಸರು ಇನ್ನೂ ಕಾಣುತ್ತವೆ. ಎರಡೂ 2024ರಲ್ಲಿ ಮುಚ್ಚಿದವು. ಮಿರಾಜ್‌ನ ಕೃತಕ ಜ್ವಾಲಾಮುಖಿ ತೋರಿಸುತ್ತೇವೆಂದು ಅಪ್ಪನಿಗೆ ಮಾತು ಕೊಟ್ಟುಬಿಡಬೇಡಿ.

ಬೆಲೆಯ ಲೆಕ್ಕ. ಕೋಣೆಯ ದರದ ಮೇಲೆ 'ರೆಸಾರ್ಟ್ ಫೀ' ಎಂಬುದೊಂದು ದಿನಕ್ಕೆ 40ರಿಂದ 55 ಡಾಲರ್, ಅದರ ಮೇಲೂ ತೆರಿಗೆ. ಸ್ಟ್ರಿಪ್‌ನಲ್ಲಿ ತೆರಿಗೆ 13.38%. 120 ಡಾಲರಿನ ಕೋಣೆ, 50 ಡಾಲರ್ ಫೀ ಎಂದಿಟ್ಟುಕೊಂಡರೆ 170ಕ್ಕೆ ತೆರಿಗೆ ಸೇರಿ 192.75 ಆಗುತ್ತದೆ. 2025ರ ಮೇ ತಿಂಗಳಿಂದ ಫೀ ಸೇರಿಸಿಯೇ ದರ ತೋರಿಸಬೇಕೆಂಬ ನಿಯಮ ಅಮೆರಿಕದಲ್ಲಿ ಬಂದಿದೆ, ಆದರೆ ತೆರಿಗೆ ಇನ್ನೂ ಕೊನೆಯ ಪುಟದಲ್ಲೇ ಸೇರಬಹುದು. ಕೊನೆಯ ಮೊತ್ತ ನೋಡಿಯೇ ಹೋಲಿಸಿ. ಚೆಕ್‌-ಇನ್ ವೇಳೆ ಕಾರ್ಡಿನಲ್ಲಿ ಒಂದಷ್ಟು ಹಣ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ಆ ಹಣ ಮರಳಲು ದಿನಗಳೇ ಹಿಡಿಯಬಹುದು, ಕ್ರೆಡಿಟ್ ಕಾರ್ಡನ್ನೇ ಕೊಡಿ. ಭಾನುವಾರದಿಂದ ಗುರುವಾರದವರೆಗಿನ ರಾತ್ರಿಗಳು ಸಾಮಾನ್ಯವಾಗಿ ಅಗ್ಗ. ಜನವರಿ ಮೊದಲ ವಾರಗಳ ಎಲೆಕ್ಟ್ರಾನಿಕ್ಸ್ ಮೇಳ, ನವೆಂಬರಿನ ಫಾರ್ಮುಲಾ ಒನ್ ಓಟ, ಈ ಎರಡು ಸಮಯ ಬೇಡವೇ ಬೇಡ. ಓಟಕ್ಕೆ ಸ್ಟ್ರಿಪ್ ರಸ್ತೆಯನ್ನೇ ಮುಚ್ಚುತ್ತಾರೆ.

ತಿಂಗಳ ಆಯ್ಕೆಯಲ್ಲಿ ರಾಜಿ ಬೇಡ. ಮಾರ್ಚ್, ಏಪ್ರಿಲ್, ಅಕ್ಟೋಬರ್ ಒಳ್ಳೆಯದು. ಜುಲೈನಲ್ಲಿ ಹಗಲು 40 ಡಿಗ್ರಿ ದಾಟುವುದು ಮಾಮೂಲು, 2024ರ ಜುಲೈ 7ರಂದು 48.9 ಮುಟ್ಟಿತ್ತು. ಬಳ್ಳಾರಿ, ರಾಯಚೂರಿನ ಬಿಸಿಲು ಕಂಡವರು ತಡೆದೇವು ಅನ್ನುತ್ತಾರೆ. ಇಲ್ಲಿಯ ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ದೇಹದ ನೀರು ಹೋಗುತ್ತಿರುತ್ತದೆ. ಬಿಪಿಗೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಬೇಕು.

ಬುಕ್ ಆದ ಮೇಲೆ ಹೋಟೆಲಿಗೆ ಒಂದು ಫೋನ್ ಮಾಡಬೇಕು. ವೆಬ್‌ಸೈಟಿನ ಚೌಕಕ್ಕೆ ಗುರುತು ಹಾಕಿದರೆ ಸಾಲದು. ಲಿಫ್ಟಿಗೆ ಹತ್ತಿರದ ಕೋಣೆ ಕೊಡಿ ಎನ್ನಿ. ಸ್ನಾನಕ್ಕೆ ಟಬ್ ಬೇಡ, ವಾಕ್‌-ಇನ್ ಶವರ್ ಬೇಕು ಎನ್ನಿ. ಟಬ್‌ನ ಅಂಚು ದಾಟಿ ಒದ್ದೆ ಕಾಲಿಡುವುದು ವಯಸ್ಸಾದವರಿಗೆ ಅಪಾಯ, ಚೊಂಬು ಹಿಡಿದು ಸ್ನಾನ ಮಾಡಿ ಅಭ್ಯಾಸವಾದವರಿಗಂತೂ ಇನ್ನೂ ಕಷ್ಟ. ಗಾಲಿಕುರ್ಚಿ ಬೇಕಿರುವವರು 'ರೋಲ್‌-ಇನ್ ಶವರ್' ಎಂಬ ಪದವನ್ನೇ ಬಳಸಿ. ಮೂರನೆಯದು ಇನ್ಸುಲಿನ್. ಸ್ಟ್ರಿಪ್‌ನ ಎಷ್ಟೋ ಕೋಣೆಗಳಲ್ಲಿ ಕಾಣುವ ಫ್ರಿಡ್ಜ್ ನಿಮ್ಮ ಬಳಕೆಗಲ್ಲ, ಅದು ಸೆನ್ಸರ್ ಇರುವ ಮಿನಿಬಾರ್. ಒಳಗಿನ ಬಾಟಲಿಯನ್ನು ಸರಿಸಿ ಔಷಧಿ ಇಟ್ಟರೆ, ಬಾಟಲಿ ತೆಗೆದಿರಿ ಎಂದು ಬಿಲ್ ಬೀಳುತ್ತದೆ. ಮೇಜಿನ ಮೇಲಿನ ಬಾದಾಮಿ ಪೊಟ್ಟಣವನ್ನು ಎತ್ತಿ ಬೆಲೆ ಓದುತ್ತ ನಿಂತರೂ ಅದೇ ಕತೆ. ಔಷಧಿಗೆಂದು ಬೇರೆ ಫ್ರಿಡ್ಜ್ ಕೊಡಿ ಎಂದು ಮೊದಲೇ ಕೇಳಿ ಬರೆಸಿಡಿ.

ಕಾಫಿ ಮಾಡುವ ಯಂತ್ರವಾಗಲಿ ಕೆಟಲ್ ಆಗಲಿ ಹೆಚ್ಚಿನ ಕೋಣೆಗಳಲ್ಲಿ ಇಲ್ಲ. ಊರಿಂದ ತಂದ ಕೆಟಲ್ ಇಲ್ಲಿ ಕೆಲಸಕ್ಕೆ ಬಾರದು: 230 ವೋಲ್ಟಿಗೆ ಮಾಡಿದ 1500 ವ್ಯಾಟಿನ ಕೆಟಲ್ ಅಮೆರಿಕದ 120 ವೋಲ್ಟಿನಲ್ಲಿ ಕಾಲು ಭಾಗದಷ್ಟೇ ಕಾಯುತ್ತದೆ, ಒಂದು ಲೀಟರ್ ಕುದಿಯಲು ಹನ್ನೆರಡು ಹದಿಮೂರು ನಿಮಿಷ ಬೇಕು. ಇಲ್ಲಿಯದೇ ಒಂದು ಚಿಕ್ಕ ಕೆಟಲ್ ಕೊಂಡು ಒಯ್ಯಿ. ಬಿಸಿನೀರಿದ್ದರೆ ಕಾಫಿಯ ಜೊತೆಗೆ ದಿಢೀರ್ ಉಪ್ಪಿಟ್ಟು, ಗೊಜ್ಜವಲಕ್ಕಿಯೂ ಆಗುತ್ತದೆ, ಬೆಳಗಿನ ತಿಂಡಿಗೆ ಕ್ಯಾಸಿನೊ ದಾಟಿ ಹೋಗುವುದು ತಪ್ಪುತ್ತದೆ. ಹೊರಗೆ ಉಣ್ಣುವಾಗ 'ವೆಜಿಟೇರಿಯನ್' ಎಂದರೆ ಸಾಲದು. ಸೂಪ್‌ನಲ್ಲಿ ಕೋಳಿಯ ಸಾರು, ಮೆಕ್ಸಿಕನ್ ಬೀನ್ಸ್ ಕಾಳಿನಲ್ಲಿ ಹಂದಿಯ ಕೊಬ್ಬು ಇರಬಹುದು, ಬಿಡಿಸಿ ಕೇಳಬೇಕು. ವಿನ್ ಹೋಟೆಲಿನ ರೆಸ್ಟೋರೆಂಟುಗಳಲ್ಲಿ ವೀಗನ್ (ಹಾಲು, ಮೊಟ್ಟೆಯೂ ಇಲ್ಲದ) ಪಟ್ಟಿ ಬೇರೆಯೇ ಸಿಗುತ್ತದೆ, ಅಲ್ಲಿ ಈ ತಲೆನೋವು ಕಡಿಮೆ.

ಓಡಾಟಕ್ಕೆ ಸ್ಟ್ರಿಪ್ ಮೋಸದ ರಸ್ತೆ. ಎದುರಿಗೇ ಕಾಣುವ ಹೋಟೆಲು ಇಪ್ಪತ್ತು ನಿಮಿಷದ ನಡಿಗೆ ಇರುತ್ತದೆ, ದೊಡ್ಡ ಚೌಕಗಳಲ್ಲಿ ರಸ್ತೆ ದಾಟಲು ಮೇಲ್ಸೇತುವೆಯೇ ಗತಿ. ಅವುಗಳ ಎಸ್ಕಲೇಟರ್ ಕೆಟ್ಟು ನಿಂತಿರುವುದು ಅಪರೂಪವಲ್ಲ, ಲಿಫ್ಟ್ ಎಲ್ಲಿದೆಯೆಂದು ಮೊದಲು ಹುಡುಕಿಕೊಳ್ಳಿ. ಮಾನೊರೈಲ್ ಪೂರ್ವದ ಸಾಲಿನ ಹೋಟೆಲುಗಳ ಬೆನ್ನಿಗಿದೆ, ಏರ್‌ಪೋರ್ಟಿಗೆ ಹೋಗುವುದಿಲ್ಲ. ಏರ್‌ಪೋರ್ಟಿನಲ್ಲಿ ಉಬರ್ ಹತ್ತಲು ಪಾರ್ಕಿಂಗ್ ಕಟ್ಟಡದವರೆಗೆ ನಡೆಯಬೇಕು, ಟ್ಯಾಕ್ಸಿಯ ಸಾಲು ಹತ್ತಿರ. ಸ್ಟ್ರಿಪ್‌ಗೆ ಟ್ಯಾಕ್ಸಿಗೆ ವಲಯವಾರು ನಿಗದಿತ ದರವಿದೆ. ಹತ್ತುವ ಮೊದಲು 'ಫ್ಲಾಟ್ ರೇಟ್' ಎಂದು ಕೇಳಿ, ಸುತ್ತಿಸುವ ಭಯವಿರುವುದಿಲ್ಲ.

ಆಡುವ ಆಸೆಯಿದ್ದರೆ ಪಾಸ್‌ಪೋರ್ಟ್ ಜೊತೆಗಿರಲಿ. ಪೆನ್ನಿ ಸ್ಲಾಟ್ ಅಂದರೆ ಒಂದು ಸೆಂಟಿನ ಆಟವಲ್ಲ, ಒಂದು ಸುತ್ತಿಗೆ 50 ಸೆಂಟ್, ಮುಕ್ಕಾಲು ಡಾಲರ್ ಆಗಬಹುದು. ರೂಲೆಟ್‌ನಲ್ಲಿ ಚಕ್ರದ ಮೇಲಿನ ಸೊನ್ನೆಗಳನ್ನು ಎಣಿಸಿ: ಒಂದಿದ್ದರೆ ಕ್ಯಾಸಿನೊದ ಪಾಲು 2.7%, ಎರಡಿದ್ದರೆ 5.26%, ಮೂರಿದ್ದರೆ 7.69%. ಸ್ಲಾಟ್‌ನಲ್ಲಿ ದೊಡ್ಡ ಜಾಕ್‌ಪಾಟ್ ಹೊಡೆದರೆ, ಪ್ರವಾಸಿ ವೀಸಾದಲ್ಲಿ ಬಂದ ಭಾರತೀಯರಿಗೆ 30% ತೆರಿಗೆ ಅಲ್ಲೇ ಹಿಡಿಯುತ್ತಾರೆ. ರೂಲೆಟ್, ಬ್ಲ್ಯಾಕ್‌ಜ್ಯಾಕ್ ಗೆಲುವಿಗೆ ಆ ಹಿಡಿತ ಇಲ್ಲ.

ಹೊರಡುವ ದಿನ ಚೆಕ್‌-ಔಟ್ ಬೆಳಗ್ಗೆ 11ಕ್ಕೆ, ವಿಮಾನ ಹೆಚ್ಚಾಗಿ ಸಂಜೆಗೆ. ಸಾಮಾನನ್ನು ಬೆಲ್ ಡೆಸ್ಕಿಗೆ ಕೊಡಿ, ಆದರೆ ಮಾತ್ರೆಯ ಡಬ್ಬಿ, ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಬಿಲ್ಲನ್ನು ಟಿವಿಯಲ್ಲಿ ನೋಡಿ ಒಪ್ಪಿಬಿಡದೆ ಕೌಂಟರಿಗೆ ಹೋಗಿ ಮಿನಿಬಾರ್ ಸಾಲನ್ನು ಓದಿಸಿ. ಮುಟ್ಟದ ಬಾಟಲಿಯ ದುಡ್ಡನ್ನು ನಿಂತಲ್ಲೇ ಕೇಳಿದರೆ ತೆಗೆಯುತ್ತಾರೆ, ಮನೆಗೆ ಹೋಗಿ ಇಮೇಲ್ ಬರೆದರೆ ವಾರಗಟ್ಟಲೆ ಕಾಯಬೇಕಾಗಬಹುದು.