ಸಣ್ಣ ಟರ್ಬೊ ಕಾರಿನ ಮೈಲೇಜು: ತುಮಕೂರಿನ ರಸ್ತೆಗಳಲ್ಲಿ 42,000 ಕಿಲೋಮೀಟರಿನ ಲೆಕ್ಕ

ಮೂರೂವರೆ ವರ್ಷಗಳ ಹಿಂದೆ ತುಮಕೂರಿನಲ್ಲಿ ಈ ಕಾರನ್ನು ಕೊಳ್ಳುವಾಗ ಮಾರಾಟದ ಹುಡುಗ ಹೇಳಿದ ಮಾತು ಇನ್ನೂ ನೆನಪಿದೆ: "ಸಾರ್, ಪಿಕಪ್ ಒಂದೂವರೆ ಲೀಟರಿನದು, ಮೈಲೇಜು ಒಂದು ಲೀಟರಿನದು." ಆ ಮಾತಿನ ಎರಡು ಅರ್ಧಗಳೂ ನಿಜ. ಎರಡೂ ಒಂದೇ ಹೊತ್ತಿಗೆ ನಿಜವಾಗುವುದಿಲ್ಲ ಎಂಬುದನ್ನು ಕಂಡುಕೊಳ್ಳಲು ನನಗೆ 42,000 ಕಿಲೋಮೀಟರ್ ಬೇಕಾಯಿತು. ಕಾರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಒಂದು ಲೀಟರಿನ, ಮೂರು ಸಿಲಿಂಡರಿನ, ಡೈರೆಕ್ಟ್ ಇಂಜೆಕ್ಷನ್ ಇರುವ ಪೆಟ್ರೋಲ್ ಟರ್ಬೊ ಎಂಜಿನ್ ಮತ್ತು ಆರು ಗೇರುಗಳ ಈ ಗಾಡಿಯ ಗುಣದೋಷಗಳು ಹೆಚ್ಚುಕಡಿಮೆ ಈ ವರ್ಗದ ಎಲ್ಲ ಕಾರುಗಳದ್ದೂ ಆಗಿವೆ.

ಮೊದಲು ಲೆಕ್ಕ ಇಟ್ಟ ಬಗೆಯನ್ನು ಹೇಳಬೇಕು. ಪ್ರತಿ ಸಲ ಒಂದೇ ಬಂಕಿನಲ್ಲಿ, ಪಂಪು ಮೊದಲ ಸಲ ತಾನಾಗಿ ನಿಂತ ಕ್ಷಣಕ್ಕೆ ನಿಲ್ಲಿಸಿ, ಲೀಟರು ಮತ್ತು ಓಡೋಮೀಟರಿನ ಅಂಕಿಯನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿರುವ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. "ಇನ್ನೂ ಸ್ವಲ್ಪ ಹಿಡಿಯುತ್ತೆ ಸಾರ್, ರೌಂಡ್ ಮಾಡ್ತೀನಿ" ಎನ್ನುವ ಬಂಕಿನವರಿಗೆ ಬೇಡವೆಂದು ಹೇಳುವುದೇ ಈ ಲೆಕ್ಕದ ಅತ್ಯಂತ ಕಷ್ಟದ ಭಾಗ. ಕಾರಿನ ಪರದೆ ತೋರಿಸುವ ಮೈಲೇಜು ನನ್ನ ಲೆಕ್ಕಕ್ಕಿಂತ ಸಾಮಾನ್ಯವಾಗಿ ಲೀಟರಿಗೆ ಒಂದು ಕಿಲೋಮೀಟರಿನಷ್ಟು ಹೆಚ್ಚಿರುತ್ತದೆ. ಆದ್ದರಿಂದ ಅದನ್ನು ನಾನು ಗಣನೆಗೆ ತೆಗೆದುಕೊಂಡಿಲ್ಲ.

ಈವರೆಗೆ ಸುಮಾರು 2,690 ಲೀಟರ್ ಪೆಟ್ರೋಲ್ ತುಂಬಿಸಿದ್ದೇನೆ, ಅಂದರೆ ಸರಾಸರಿ ಲೀಟರಿಗೆ 15.6 ಕಿ.ಮೀ. ಈ ಒಂದೇ ಅಂಕಿಯನ್ನು ನೋಡಿದರೆ ಏನೂ ತಿಳಿಯುವುದಿಲ್ಲ. ಅಶೋಕನಗರ, ಬಿ.ಎಚ್. ರಸ್ತೆ, ಎಸ್.ಎಸ್. ಪುರಂ ಎಂದು ಊರೊಳಗೆ ಸುತ್ತಿದ ವಾರಗಳಲ್ಲಿ 11.2 ಬಂದಿದೆ. ಬೆಳಗಿನ ಐದೂವರೆಗೆ ಹೊರಟು, ಆರನೆಯ ಗೇರಿನಲ್ಲಿ 85ರ ವೇಗ ಬಿಡದೆ ಬೆಂಗಳೂರಿಗೆ ಹೋಗಿಬಂದ ಭಾನುವಾರಗಳಲ್ಲಿ 21ರ ಆಸುಪಾಸು ಬಂದಿದೆ. ಅದೇ ರಸ್ತೆಯಲ್ಲಿ, ಅದೇ ಇಬ್ಬರು ಕುಳಿತು, 105–110ರಲ್ಲಿ ಲಾರಿಗಳನ್ನು ಹಿಂದಿಕ್ಕುತ್ತ ಹೋದಾಗ 15ನ್ನೂ ಮುಟ್ಟದೆ 14.3ಕ್ಕೆ ಇಳಿದಿದೆ. ಇದಕ್ಕೂ ಮೊದಲು ನನ್ನ ಬಳಿ ಟರ್ಬೊ ಇಲ್ಲದ 1.2 ಲೀಟರಿನ ಸಣ್ಣ ಹ್ಯಾಚ್‌ಬ್ಯಾಕ್ ಇತ್ತು. ಅದು ಊರೊಳಗೆ 13, ನಿಧಾನದ ಹೆದ್ದಾರಿಯಲ್ಲಿ 19.4, ಅವಸರದ ಹೆದ್ದಾರಿಯಲ್ಲಿ 16 ಕೊಡುತ್ತಿತ್ತು. ಹೊಸ ಗಾಡಿಯ ಮೈ ದೊಡ್ಡದು, ತೂಕ ಹೆಚ್ಚು, ಮಾಡು ಎತ್ತರ. ಹಾಗಾಗಿ ಎಲ್ಲ ತಪ್ಪನ್ನೂ ಟರ್ಬೊದ ತಲೆಗೆ ಕಟ್ಟುವುದು ನ್ಯಾಯವಲ್ಲ. 85ರಿಂದ 108ಕ್ಕೆ ಏರಿದರೆ ಗಾಳಿಯ ತಡೆಯೇ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಅದು ಯಾವ ಎಂಜಿನ್ನಿಗೂ ತಪ್ಪಿದ್ದಲ್ಲ. ಆದರೂ ಹಳೆಯ ಕಾರಿನ ಹೆಚ್ಚುಕಡಿಮೆಗಳ ನಡುವೆ ಆರು ಕಿಲೋಮೀಟರಿನ ಅಂತರವಿದ್ದರೆ ಇದರಲ್ಲಿ ಹತ್ತರ ಅಂತರ ಏಕೆ ಎಂಬ ಪ್ರಶ್ನೆಗೆ ಟರ್ಬೊದ ರಚನೆಯಲ್ಲೇ ಉತ್ತರವಿದೆ.

ಸಾದಾ ಎಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಸೈಲೆನ್ಸರಿನತ್ತ ಹೊರಟ ಬಿಸಿ ಹೊಗೆ ದಾರಿಯಲ್ಲಿ ಟರ್ಬೈನ್ ಎಂಬ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಕುಲುಮೆಯ ತಿದಿಯನ್ನು ಕುಲುಮೆಯ ಹೊಗೆಯೇ ಒತ್ತಿದರೆ ಹೇಗಿರಬಹುದೋ ಹಾಗೆ. (ನೆಲಮಂಗಲದ ದಾರಿಯಲ್ಲಿ ಕುಲುಮೆಪಾಳ್ಯದ ಟೋಲ್ ಬಂದಾಗಲೆಲ್ಲ ನನಗೆ ಈ ಹೋಲಿಕೆ ನೆನಪಾಗುತ್ತದೆ.) ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಷಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಇದರಿಂದ ಇಂಧನ ಉಳಿಯುವ ಬಗೆ ಸ್ವಲ್ಪ ಸುತ್ತುದಾರಿಯದು. ದೊಡ್ಡ ಎಂಜಿನ್ನು ನಿಧಾನ ಓಟದಲ್ಲಿ ಮುಕ್ಕಾಲು ಮುಚ್ಚಿದ ಥ್ರಾಟಲಿನ, ಅಂದರೆ ಗಾಳಿ ಒಳಬರುವ ಬಾಗಿಲಿನ, ಮೂಲಕ ಉಸಿರೆಳೆಯುತ್ತ ತನ್ನ ಶಕ್ತಿಯ ಒಂದು ಪಾಲನ್ನು ಅದಕ್ಕೇ ಕಳೆದುಕೊಳ್ಳುತ್ತದೆ. ಅದೇ ಕೆಲಸವನ್ನು ಸಣ್ಣ ಎಂಜಿನ್ನು ಥ್ರಾಟಲನ್ನು ಹೆಚ್ಚು ತೆರೆದುಕೊಂಡು ಮಾಡುತ್ತದೆ. ಸಿಲಿಂಡರು ಕಡಿಮೆಯಿರುವುದರಿಂದ ಉಜ್ಜಾಟವೂ ಕಡಿಮೆ. ಹೀಗೆ ಉಳಿತಾಯವೆಲ್ಲ ಎಂಜಿನ್ನು ಸಣ್ಣದಾಗಿರುವುದರಿಂದ ಬರುತ್ತದೆ. ಅಷ್ಟು ಸಣ್ಣ ಎಂಜಿನ್ನನ್ನು ಇಷ್ಟು ದೊಡ್ಡ ಗಾಡಿಗೆ ಕೂರಿಸುವ ಧೈರ್ಯ ಮಾತ್ರ ಟರ್ಬೊದ್ದು. ಟರ್ಬೊ ದುಡಿಯಲು ತೊಡಗಿದ ಕೂಡಲೇ ಉಳಿತಾಯ ಕರಗತೊಡಗುತ್ತದೆ.

ಕಾರಣ ಬಿಸಿ. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಕಿಡಿಯಿಂದ ಹೊರಟ ಉರಿ ತಲುಪುವ ಮೊದಲೇ ತಾನಾಗಿ ಸಿಡಿದು ಎಂಜಿನ್ನಿನಲ್ಲಿ ನಾಕಿಂಗ್ ಆಗುತ್ತದೆ. ಟರ್ಬೊ ಹೊತ್ತು ಮಾರುಕಟ್ಟೆಗೆ ಬಂದ ಮೊದಲ ಕಾರುಗಳಲ್ಲೊಂದಾದ 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ನಲ್ಲಿ ಇದನ್ನು ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವದ ಪ್ರತ್ಯೇಕ ತೊಟ್ಟಿಯನ್ನೇ ಇಟ್ಟಿದ್ದರು. ಮಾಲೀಕರು ಅದನ್ನು ತುಂಬಿಸುವುದನ್ನೇ ಮರೆಯುತ್ತಿದ್ದರು. ಇಂದು ಆ ತೊಟ್ಟಿಯ ಕೆಲಸವನ್ನು ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರು, ಸಿಲಿಂಡರಿನೊಳಗೇ ಪೆಟ್ರೋಲ್ ಚಿಮ್ಮುವ ಇಂಜೆಕ್ಟರು ಮತ್ತು ಕಂಪ್ಯೂಟರು ಹಂಚಿಕೊಂಡಿವೆ. ಅಷ್ಟಾದರೂ ಕಂಪ್ರೆಷನ್ ಅನುಪಾತವನ್ನು, ಅಂದರೆ ಸಿಲಿಂಡರಿನೊಳಗೆ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತೇವೆ ಎಂಬ ಲೆಕ್ಕವನ್ನು, ತಗ್ಗಿಸಿಯೇ ಇಡಬೇಕು. ಟರ್ಬೊ ಇಲ್ಲದ, ಸ್ವಿಫ್ಟ್‌ಗೆ ಬಂದಿದ್ದ 1.2 ಲೀಟರಿನ ಡ್ಯುಯಲ್‌ಜೆಟ್ ಎಂಜಿನ್ನಿನಲ್ಲಿ ಅದು 12 ಇದ್ದರೆ, ಫೋಕ್ಸ್‌ವ್ಯಾಗನ್ನಿನ ಒಂದು ಲೀಟರಿನ ಟಿ.ಎಸ್.ಐ. ಎಂಬ ಟರ್ಬೊ ಎಂಜಿನ್ನಿನಲ್ಲಿ 10.5. ಅನುಪಾತ ತಗ್ಗಿದಷ್ಟೂ ಅದೇ ಹನಿ ಪೆಟ್ರೋಲಿನಿಂದ ಸಿಗುವ ಕೆಲಸ ತಗ್ಗುತ್ತದೆ, ಮತ್ತು ಈ ದಂಡವನ್ನು ನಾವು ಟರ್ಬೊ ಬಳಸಿದರೂ ಬಳಸದಿದ್ದರೂ ಕಟ್ಟುತ್ತಲೇ ಇರುತ್ತೇವೆ. ಇನ್ನು ಪೆಡಲನ್ನು ಬಲವಾಗಿ ಒತ್ತಿದಾಗ ಕಂಪ್ಯೂಟರು ನಾಕಿಂಗ್ ತಪ್ಪಿಸಲು ಕಿಡಿಯನ್ನು ತಡಮಾಡುತ್ತದೆ. ಒತ್ತಡ ಇನ್ನೂ ಏರಿದರೆ ಟರ್ಬೈನ್ ಸುಡದಿರಲೆಂದು, ಉರಿಯಲು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲನ್ನು ಬರಿಯ ತಂಪಿಗಾಗಿ ಸುರಿಯುತ್ತದೆ. 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಎಂಬ ಲೆಕ್ಕ ಆಗ ಉಳಿಯುವುದಿಲ್ಲ. ನಾಮದ ಚಿಲುಮೆ ದಾಟಿ ದೇವರಾಯನದುರ್ಗದ ಏರಿನಲ್ಲಿ ಐದು ಜನರನ್ನು ಕೂರಿಸಿಕೊಂಡು ಎರಡನೆಯ ಗೇರಿನಲ್ಲಿ ಹತ್ತಿಸುವಾಗ ಪರದೆಯ ಮೇಲೆ 6 ಎಂಬ ಅಂಕಿ ಕದಲದೆ ನಿಲ್ಲುವುದನ್ನು ನೋಡಿದ್ದೇನೆ. ಗಾಡಿ ಮಾತ್ರ ಏದುಸಿರೇ ಇಲ್ಲದೆ ಏರುತ್ತದೆ. ಹಳೆಯ ಕಾರಿನಲ್ಲಿ ಅಲ್ಲಿ ಎ.ಸಿ. ಆರಿಸಬೇಕಾಗುತ್ತಿತ್ತು.

ಪ್ರಯೋಗಾಲಯದ ಮೈಲೇಜು ಅಂಕಿ ಇದನ್ನೆಲ್ಲ ಕಾಣುವುದೇ ಇಲ್ಲ. ನಮ್ಮ ದೇಶದ ಪರೀಕ್ಷೆ ಉರುಳೆಗಳ ಮೇಲೆ ಸುಮಾರು 20 ನಿಮಿಷ ನಡೆಯುತ್ತದೆ, ವೇಗ 90 ಮೀರುವುದಿಲ್ಲ, ವೇಗ ಏರಿಸುವುದೂ ಎತ್ತಿನಗಾಡಿಯ ಸಮಾಧಾನದಲ್ಲಿ. ಟರ್ಬೊ ಹೆಚ್ಚು ಹೊತ್ತು ನಿದ್ರಿಸುವ ಪರೀಕ್ಷೆ ಇದು. ಅಂಕಿ ಸುಳ್ಳಲ್ಲ, ಬೆಳಗಿನ ಐದೂವರೆಯ ಭಾನುವಾರ ನನಗೂ ಅದರ ಹತ್ತಿರದ ಅಂಕಿ ಸಿಗುತ್ತದೆ.

ಊರೊಳಗಿನ 11.2ರ ಕಾರಣ ಬೇರೆ. ನನ್ನ ಗಾಡಿಯಲ್ಲಿ 1,600 ಆರ್.ಪಿ.ಎಂ. (ಎಂಜಿನ್ನು ನಿಮಿಷಕ್ಕೆ ತಿರುಗುವ ಸುತ್ತು) ತನಕ ಹೊಗೆಯ ಹರಿವು ಚಕ್ರವನ್ನು ಸಾಕಷ್ಟು ತಿರುಗಿಸದು. ಅಲ್ಲಿಯವರೆಗೆ ಅದು ಎ.ಸಿ. ಹೊತ್ತ ಬಡ ಒಂದು ಲೀಟರ್ ಎಂಜಿನ್. ಹಂಪಿನ ಮೇಲಿಂದ ಇಳಿದು ಪೆಡಲ್ ಒತ್ತುತ್ತೇವೆ, ಏನೂ ಆಗುವುದಿಲ್ಲ. ಇನ್ನಷ್ಟು ಒತ್ತುತ್ತೇವೆ, ಒಮ್ಮೆಲೇ ನುಗ್ಗುತ್ತದೆ. ಎದುರಿಗೆ ಆಟೊ, ಬ್ರೇಕು. ಹೀಗೆ ಗಳಿಸಿದ ವೇಗವನ್ನೆಲ್ಲ ಬ್ರೇಕಿನ ಬಿಸಿಯಾಗಿ ಕಳೆಯುತ್ತೇವೆ. ಒಂದು ಗೇರು ಕೆಳಗೆ ಇಟ್ಟುಕೊಂಡು 1,800ರ ಮೇಲೆ ಮೆಲ್ಲಗೆ ಓಡಿಸುವುದನ್ನು ರೂಢಿಸಿಕೊಂಡ ಮೇಲೆ ಊರೊಳಗೆ 12 ದಾಟಿತು. ಮೈಲೇಜಿಗೆ ಮೇಲಿನ ಗೇರೇ ಒಳ್ಳೆಯದೆಂದು ನಮಗೆ ಕಲಿಸಿದ ಪಾಠ ಇಲ್ಲಿ ತಿರುಗುಮುರುಗು.

ಈ ವಿಷಯದಲ್ಲಿ ಎಲ್ಲ ಸಣ್ಣ ಟರ್ಬೊಗಳೂ ಒಂದೇ ಅಲ್ಲ. ಮ್ಯಾನುಯಲ್ ಗೇರಿನ ನಿಸ್ಸಾನ್ ಮ್ಯಾಗ್ನೈಟ್‌ನ ಪೂರ್ತಿ ಎಳೆತ, ಅಂದರೆ 160 ನ್ಯೂಟನ್ ಮೀಟರ್, ಬರುವುದು 2,800 ಆರ್.ಪಿ.ಎಂ.ಗೆ, 2019ರಲ್ಲಿ ಬಂದ ಹ್ಯುಂಡೈ ವೆನ್ಯೂವಿನ ಒಂದು ಲೀಟರ್ ಟರ್ಬೊದಲ್ಲಿ 172 ನ್ಯೂಟನ್ ಮೀಟರ್ 1,500ಕ್ಕೇ ಬರುತ್ತದೆ, ಮಾರುತಿ ಫ್ರಾಂಕ್ಸ್‌ನ ಬೂಸ್ಟರ್‌ಜೆಟ್ ಎಂಜಿನ್ನು 147.6ಕ್ಕೆ ತೃಪ್ತಿಪಟ್ಟು ಅದನ್ನು 2,000ಕ್ಕೆ ಕೊಡುತ್ತದೆ. ಟರ್ಬೈನ್ ಚಕ್ರವನ್ನು ಪುಟ್ಟದಾಗಿ ಮಾಡಿದರೆ ಅದು ಬೇಗ ಎಚ್ಚರಗೊಳ್ಳುತ್ತದೆ, ಆದರೆ ಎಂಜಿನ್ನು ವೇಗವಾಗಿ ತಿರುಗುವಾಗ ಹೊಗೆಯ ದಾರಿಗೆ ಅದೇ ಅಡ್ಡಗಟ್ಟೆಯಾಗಿ ಹೆದ್ದಾರಿಯ ಮೈಲೇಜನ್ನು ತಿನ್ನುತ್ತದೆ. ಹೆಚ್ಚಾದ ಹೊಗೆಯನ್ನು ಚಕ್ರಕ್ಕೆ ತಾಗದಂತೆ ಹೊರಗೆ ಬಿಡುವ ವೇಸ್ಟ್‌ಗೇಟ್ ಎಂಬ ಬಾಗಿಲು ಇರುವುದು ಇದಕ್ಕೇ. ಹಳೆಯ ಬಗೆಯಲ್ಲಿ ಗಾಳಿಯ ಒತ್ತಡವೇ ಆ ಬಾಗಿಲನ್ನು ತಳ್ಳಬೇಕು, ಟಿ.ಎಸ್.ಐ.ನಂಥ ಎಂಜಿನ್ನುಗಳಲ್ಲಿ ವಿದ್ಯುತ್ ಮೋಟಾರು ಅದನ್ನು ನಡೆಸುವುದರಿಂದ, ಒತ್ತಡ ಬೇಡದ ಸಮಾಧಾನದ ಓಟದಲ್ಲೂ ಬಾಗಿಲನ್ನು ತೆರೆದಿಟ್ಟು ಹೊಗೆಯನ್ನು ಸಲೀಸಾಗಿ ಬಿಡಬಹುದು. ಈ ಬಾಗಿಲನ್ನು ನಡೆಸುವುದು ಗಾಳಿಯ ಒತ್ತಡವೋ ಮೋಟಾರೋ ಎಂಬುದು ಕೊಳ್ಳುವವರು ಕೇಳದ, ಕೇಳಲೇಬೇಕಾದ ಪ್ರಶ್ನೆ. ಮೂರು ಸಿಲಿಂಡರನ್ನು ಅಗ್ಗದ ಲಕ್ಷಣವೆಂದು ಮೂಗುಮುರಿಯುವವರಿಗೂ ಒಂದು ಮಾತು: ಮೂರರಲ್ಲಿ ಹೊಗೆಯ ಒಂದೊಂದು ಬಡಿತದ ನಡುವೆ 240 ಡಿಗ್ರಿ ಅಂತರವಿರುವುದರಿಂದ ಒಂದು ಇನ್ನೊಂದನ್ನು ತಡೆಯದೆ ಚಕ್ರಕ್ಕೆ ನೇರವಾಗಿ ಬಡಿಯುತ್ತದೆ, ನಾಲ್ಕು ಸಿಲಿಂಡರಿನಲ್ಲಿ ಈ ಲಾಭಕ್ಕಾಗಿ ಹೊಗೆಯ ದಾರಿಯನ್ನು ಎರಡಾಗಿ ಸೀಳಬೇಕಾಗುತ್ತದೆ. ಹೊಗೆಯ ಹರಿವಿಗೆ ತಕ್ಕಂತೆ ರೆಕ್ಕೆಗಳನ್ನು ಓರೆ ಮಾಡಿಕೊಳ್ಳುವ ಟರ್ಬೊ ಡೀಸೆಲ್ಲಿನಲ್ಲಿ ಬಹಳ ಕಾಲದಿಂದ ಇದೆ, ಪೆಟ್ರೋಲಿನ ಹೊಗೆ ಇನ್ನೂ ಬಿಸಿಯಾದ್ದರಿಂದ ಅದು ದುಬಾರಿ. ಯುರೋಪಿನ 130 ಅಶ್ವಶಕ್ತಿಯ 1.5 ಟಿ.ಎಸ್.ಐ.ಗೆ ಅದನ್ನು ಹಾಕಿ, ಅನುಪಾತವನ್ನು 12.5ರ ತನಕ ಏರಿಸಿದರು. ನಮ್ಮ ಸಣ್ಣ ಕಾರುಗಳಿಗೆ ಅದು ಬರುವವರೆಗೆ ಪುಟ್ಟ ಚಕ್ರ ಮತ್ತು ಬಾಗಿಲಿನ ರಾಜಿಯೇ ಗತಿ.

ತುಮಕೂರಿನಲ್ಲಿ ಟರ್ಬೊದ ಪರವಾಗಿ ಹೇಳಬೇಕಾದದ್ದೂ ಇದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿರುವ ನಮ್ಮೂರಿನಲ್ಲಿ ಗಾಳಿಯ ಒತ್ತಡ ನೂರಕ್ಕೆ ಒಂಬತ್ತರಷ್ಟು ಕಡಿಮೆ. ಸಾದಾ ಎಂಜಿನ್ನಿನ ಗರಿಷ್ಠ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗಿರುತ್ತದೆ. ಟರ್ಬೊ ಚಕ್ರ ಇನ್ನಷ್ಟು ಜೋರಾಗಿ ತಿರುಗಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ.

ಬಾಳಿಕೆಯ ಬಗ್ಗೆ. ಪರಿಚಯದ ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ ಇನ್ನೊಬ್ಬರ ಕಾರಿನಿಂದ ಬಿಚ್ಚಿದ ಟರ್ಬೊವನ್ನು ಕೈಯಲ್ಲಿ ಹಿಡಿದು ನೋಡಿದೆ. ಟರ್ಬೈನ್ ಚಕ್ರ ಕೋಡುಬಳೆಗಿಂತಲೂ ಚಿಕ್ಕದು. ದಂಡವನ್ನು ಬೆರಳಿನಿಂದ ಅಲುಗಿಸಿದರೆ ಟಿಕ್ ಎನ್ನುವಷ್ಟು ಆಟ ಬಂದಿತ್ತು, ರೆಕ್ಕೆಯ ತುದಿ ಗೋಡೆಗೆ ಉಜ್ಜಿ ಹೊಳೆಯುತ್ತಿತ್ತು. ಎಣ್ಣೆ ಬರುವ ಸಣ್ಣ ಪೈಪಿನೊಳಗೆ ಬಾಣಲೆಯ ತಳದಂತೆ ಕರಿ ಕಟ್ಟಿತ್ತು. ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ತನಕ ತಿರುಗುವ ಈ ದಂಡ ತೇಲುವುದು ಎಂಜಿನ್ ಎಣ್ಣೆಯ ತೆಳು ಪೊರೆಯ ಮೇಲೆ. ಏರು ಹತ್ತಿದ ಕೂಡಲೇ ಕೀಲಿ ತಿರುಗಿಸಿ ಆರಿಸಿದರೆ ಎಣ್ಣೆ ನಿಂತಲ್ಲೇ ಸುಡುತ್ತದೆ. ಒಂದು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಲು ಬಿಡುವುದು ನನ್ನ ಮನೆಯವರಿಗೆ ದಂಡವೆನಿಸಿದರೂ ನಾನು ಬಿಟ್ಟಿಲ್ಲ. ಎರಡನೆಯ ಸರ್ವಿಸಿನಲ್ಲಿ ಒಂದು ಸರ್ವಿಸ್ ಸೆಂಟರಿನವರು ಕೈಪಿಡಿ ಹೇಳಿದ್ದಕ್ಕಿಂತ ದಪ್ಪದ ಎಣ್ಣೆ ಹಾಕಿದ್ದರು. ಬಿಲ್ಲಿನಲ್ಲಿ ಅದನ್ನು ನಾನು ಕಂಡದ್ದು, ಮೈಲೇಜು ಅರ್ಧ ಕಿಲೋಮೀಟರ್ ಇಳಿದ ಕಾರಣ ಹುಡುಕುತ್ತ ಕುಳಿತಾಗ. ವಾದಿಸಿದ ಮೇಲೆ ಬದಲಿಸಿಕೊಟ್ಟರು, ಎಣ್ಣೆಯ ಹಣ ನನ್ನದೇ ಹೋಯಿತು.

ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ನನ್ನ ನೋಟ್‌ಬುಕ್ಕಿನ ಹೆದ್ದಾರಿಯ ಅಂಕಿಗಳು ಸುಮಾರು ಒಂದು ಕಿಲೋಮೀಟರ್ ತಗ್ಗಿವೆ. ಎಥನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿನ ಮೂರನೆಯ ಎರಡು ಪಾಲು ಮಾತ್ರ, ಆದ್ದರಿಂದ ಆಶ್ಚರ್ಯವಿಲ್ಲ. ನಾಕಿಂಗನ್ನು ಅದು ಚೆನ್ನಾಗಿ ತಡೆಯುವುದರಿಂದ ಟರ್ಬೊದವರಿಗೆ ನಷ್ಟದ ಒಂದಂಶವಾದರೂ ಹಿಂದಿರುಗಬೇಕು. ಬೇಸಿಗೆಯ ಮಧ್ಯಾಹ್ನ ತಿಪಟೂರಿನ ದಾರಿಯಲ್ಲಿ ಗಾಡಿ ಮೊದಲಿಗಿಂತ ನುಣುಪಾಗಿ ಎಳೆಯುತ್ತದೆ ಎಂದು ನನಗೆ ಅನಿಸಿದೆ, ಅಂಕಿಯಲ್ಲಿ ತೋರಿಸಲಾರೆ.

ವಾರಕ್ಕೆ ಎರಡು ಸಲವಾದರೂ ಹೆದ್ದಾರಿ ಹಿಡಿಯುವವರಿಗೆ, 90ರೊಳಗೆ ಓಡಿಸುವ ತಾಳ್ಮೆಯಿದ್ದು ಬೇಕಾದಾಗ ಮಾತ್ರ ಎಳೆತ ಕೇಳುವವರಿಗೆ ಈ ಬಗೆಯ ಕಾರು ಕೊಟ್ಟ ಹಣಕ್ಕೆ ಮೋಸವಿಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು ತರಕಾರಿ ತರುವುದಷ್ಟೇ ಓಡಾಟವಾದರೆ ಟರ್ಬೊ ಇಲ್ಲದ 1.2 ಲೀಟರಿನದನ್ನೇ ಕೊಂಡು ಉಳಿದ ಹಣವನ್ನು ಪೆಟ್ರೋಲಿಗೆ ಇಟ್ಟುಕೊಳ್ಳಬಹುದು. ಟೆಸ್ಟ್ ಡ್ರೈವಿಗೆ ಮಾತ್ರ ಸಂಜೆ ಆರರ ಹೊತ್ತಿಗೆ ಹೋಗಿ, ಟೌನ್ ಹಾಲ್ ವೃತ್ತದಿಂದ ಬಟವಾಡಿಯ ತನಕ ಎ.ಸಿ. ಹಾಕಿಕೊಂಡು ಓಡಿಸಿ, 1,500ರ ಕೆಳಗೆ ಎಂಜಿನ್ನು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಿ. ಪಕ್ಕದಲ್ಲಿ ಕುಳಿತ ಹುಡುಗ "ಸಾರ್, ಬೈಪಾಸಿಗೆ ಹೋಗೋಣ, ಅಲ್ಲಿ ಗೊತ್ತಾಗುತ್ತೆ" ಎನ್ನುತ್ತಾನೆ. ಅದನ್ನು ವಾಪಸು ಬರುವಾಗ ನೋಡಿಕೊಂಡರಾಯಿತು.