ಮಾಲಾ-ಡಿ: ಮಾತ್ರೆ ಮೇಲೆ ದೂರಿಲ್ಲ, ಬದಲಿ ಕೊಟ್ಟ ಅಂಗಡಿ ಮೇಲಿದೆ

ಮಗ ಶಾಲೆಗೆ ಸೇರಿದ ವರ್ಷದಿಂದ ಮಾಲಾ-ಡಿ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇನ್ನೊಂದು ಮಗು ಸದ್ಯಕ್ಕೆ ಬೇಡ ಅಂತ ಶುರು ಮಾಡಿದ್ದು, ಆ ಕೆಲಸ ಸರಿಯಾಗಿ ಆಗಿದೆ. ಆದರೆ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಬೇರೆ. ಮುಟ್ಟಿನ ಮೊದಲ ದಿನ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದೆ, ಈಗ ಎಂದಿನಂತೆ ಕೆಲಸಕ್ಕೆ ಹೋಗುತ್ತೇನೆ. ಗರ್ಭಕೋಶದ ಒಳಪದರ ದಪ್ಪ ಆಗದ ಕಾರಣ ರಕ್ತ ಹೋಗುವುದೂ ಕಡಿಮೆ. ಕುಮಟಾದ ಮಳೆಗಾಲದಲ್ಲಿ ಬಟ್ಟೆ ಒಣಗಿಸಿದವರಿಗೆ ಈ ನೆಮ್ಮದಿ ಎಂಥದ್ದು ಅಂತ ಗೊತ್ತಾಗುತ್ತದೆ. ಮೊದಲ ತಿಂಗಳುಗಳಲ್ಲಿ ವಾಕರಿಕೆ ಇತ್ತು, ನಡುನಡುವೆ ಕಲೆ ಕಾಣುತ್ತಿತ್ತು, ಆಮೇಲೆ ತಾನಾಗೇ ನಿಂತಿತು.

ನಾನು ನುಂಗುವುದು ರಾತ್ರಿ ಊಟ ಆಗಿ, ಪಾತ್ರೆ ತೊಳೆದು, ಮರುದಿನದ ದೋಸೆಗೆ ಅಕ್ಕಿ ನೆನೆಸಿದ ಮೇಲೆ. ಮಾತ್ರೆ ಪಟ್ಟಿ ಅಕ್ಕಿ ಡಬ್ಬದ ಪಕ್ಕವೇ ಇರುತ್ತದೆ, ಹಾಗಾಗಿ ಮರೆಯುವುದಿಲ್ಲ. ಬೆಳಿಗ್ಗೆ ಬೇಡ ಅನ್ನಲು ಕಾರಣ ದೇವಿಮನೆ ಘಟ್ಟ. ತವರು ಶಿರಸಿ, ಆ ತಿರುವುಗಳಲ್ಲಿ ನನಗೆ ವಾಂತಿ ಆಗೇ ಆಗುತ್ತದೆ, ಮಾತ್ರೆ ನುಂಗಿ ಮೂರು ಗಂಟೆ ಒಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಬಿಳಿ 21 ಮುಗಿದ ಮೇಲೆ ಬರುವ ಕಂದು 7 ಬರೀ ಕಬ್ಬಿಣದ್ದು. ನಾನು ಅವನ್ನೂ ಬಿಡುವುದಿಲ್ಲ, ರೂಢಿ ತಪ್ಪಬಾರದಲ್ವಾ. ತಪ್ಪದೆ ನುಂಗಿದರೆ ವರ್ಷಕ್ಕೆ ಸಾವಿರದಲ್ಲಿ 3 ಮಂದಿಗೆ ಮಾತ್ರ ಗರ್ಭ ನಿಲ್ಲುತ್ತದೆ. ಎಲ್ಲರೂ ಸಾಮಾನ್ಯವಾಗಿ ನುಂಗುವ ಹಾಗೆ, ಮರೆತು ಬಿಟ್ಟು ನುಂಗಿದರೆ, ನೂರರಲ್ಲಿ ಸುಮಾರು 7 ಮಂದಿಗೆ.

ಈಗ ಸಿಟ್ಟಿನ ವಿಷಯ. ಕಳೆದ ಮಳೆಗಾಲದಲ್ಲಿ ಮೆಡಿಕಲ್ ಅಂಗಡಿಯವರು ಮಾಲಾ-ಡಿ ಸ್ಟಾಕ್ ಇಲ್ಲ ಅಂತ ದುಬಾರಿಯದೊಂದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. 'ಎರಡೂ ಒಂದೇ ಅಕ್ಕಾ, ಇದರಲ್ಲಿ ದಪ್ಪ ಆಗಲ್ಲ' ಅಂದರು. ಮನೆಗೆ ಬಂದು ಓದಿದರೆ ಒಳಗಿರುವುದು ಡ್ರೋಸ್ಪೈರಿನೋನ್ ಅನ್ನುವ ಹಾರ್ಮೋನ್. ಮಾಲಾ-ಡಿಯಲ್ಲಿ ಇರುವುದು ಲೆವೊನೋರ್ಜೆಸ್ಟ್ರೆಲ್ ಅನ್ನುವ ಬೇರೆ ಹಾರ್ಮೋನ್. ಒಂದೇ ಅಲ್ಲವೇ ಅಲ್ಲ! ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ, ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ. ಲೆವೊನೋರ್ಜೆಸ್ಟ್ರೆಲ್ ಇರುವುದಾದರೆ 5ರಿಂದ 7, ಡ್ರೋಸ್ಪೈರಿನೋನ್ ಆದರೆ 9ರಿಂದ 12. ಬಸುರಿಯಲ್ಲಿ ಇದಕ್ಕಿಂತ ಜಾಸ್ತಿ ಅನ್ನುವುದೂ ನಿಜ, ಹಾಗಾಗಿ ಹೆದರಿ ಮಾತ್ರೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಆ ಹೊಸ ಮಾತ್ರೆಯೂ ಕೆಲವರಿಗೆ ಒಗ್ಗುತ್ತದೆ. ಆದರೆ ಅದನ್ನು ಡಾಕ್ಟರ್ ನೋಡಿ ಹೇಳಬೇಕು, ಗಲ್ಲೆಯಲ್ಲಿ ಕೂತವರಲ್ಲ. ನನ್ನ ಬಿಪಿ ಎಷ್ಟು ಅಂತ ಆ ಅಂಗಡಿಯಲ್ಲಿ ಒಮ್ಮೆಯೂ ಯಾರೂ ಕೇಳಿಲ್ಲ. ಕಾಲಿನ ಮೀನಖಂಡ ಊದಿ ನೋವು ಬಂದರೆ, ಎದೆನೋವು, ಏದುಸಿರು ಶುರುವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು ಅಂತಲೂ ಹೇಳಿಲ್ಲ. ದೊಡ್ಡ ಚಿಕಿತ್ಸೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡುವ ಜಿಲ್ಲೆ ನಮ್ಮದು, ಇಲ್ಲಿ ಈ ಮಾತು ಇನ್ನೂ ಮುಖ್ಯ.

ಆ ಪಟ್ಟಿ ವಾಪಸ್ ಕೊಟ್ಟು ಸರ್ಕಾರಿ ಆಸ್ಪತ್ರೆಗೆ ಹೋದೆ. ನರ್ಸ್ ಬಿಪಿ ನೋಡಿದರು, ಸಿಗರೇಟು, ತಲೆನೋವು, ಮನೆಯಲ್ಲಿ ಯಾರಿಗಾದರೂ ಹೆಪ್ಪುಗಟ್ಟಿತ್ತಾ ಅಂತ ಎಲ್ಲ ಕೇಳಿ ಮಾಲಾ-ಎನ್ ಕೊಟ್ಟರು. ಅದೇ ಔಷಧ, ಕಾಸಿಲ್ಲ. ನನ್ನ ಅತ್ತಿಗೆಗೆ ತಲೆನೋವಿಗೆ ಮೊದಲು ಕಣ್ಣ ಮುಂದೆ ಮಿಂಚು ಬರುತ್ತದೆ. ಅಂಥವರಿಗೆ ಈಸ್ಟ್ರೋಜನ್ ಹಾರ್ಮೋನ್ ಇರುವ ಈ ಜಾತಿಯ ಮಾತ್ರೆಯೇ ಆಗದಂತೆ, ಅವಳಿಗೆ ಈಸ್ಟ್ರೋಜನ್ ಇಲ್ಲದ ಛಾಯಾ ಮಾತ್ರೆ ಬರೆದುಕೊಟ್ಟರು.